ಒಂದು ವಾಟಿ, ಇಪ್ಪತ್ತೆರಡು ಮೆಟ್ಟಿಲು

ಮನುಷ್ಯರ ಡಾಕ್ಟರಿಗೆ ರೋಗಿಯೇ ಸುಳ್ಳು ಹೇಳುತ್ತಾನೆ. ನಾಯಿಯ ಡಾಕ್ಟರಿಗೆ ಆ ಕಷ್ಟವಿಲ್ಲ. ರೋಗಿ ಬಾಯಿ ಮುಚ್ಚಿಕೊಂಡಿರುತ್ತದೆ, ಅದರ ಪರವಾಗಿ ಇಡೀ ಮನೆತನ ಸುಳ್ಳು ಹೇಳುತ್ತದೆ.

ನಾನು ಎಂಟು ವರ್ಷ ಚಪಳಗಾಂವದ ಕಡೆ ಎಮ್ಮೆ, ಎತ್ತು, ಆಡುಗಳನ್ನು ನೋಡಿದವಳು. ಅಲ್ಲಿ ಬಂದವರೆಲ್ಲ "ಡಾಕ್ಟರ್‌ಬಾಯಿ, ಮೈ ಹಿಡೀವಲ್ದ್ರಿ, ಏನರ ಕೊಡ್ರಿ" ಅನ್ನುತ್ತಿದ್ದರು. ಆಮೇಲೆ ಸೊಲ್ಲಾಪುರಕ್ಕೆ ಬಂದು ನಾಯಿ-ಬೆಕ್ಕುಗಳ ದವಾಖಾನೆ ತೆಗೆದೆ. ಇಲ್ಲಿ ಹಿಡಿದ ಮೈಯನ್ನು ಇಳಿಸುವುದೇ ನನ್ನ ಕೆಲಸ. ದಿನಾ ಒಂದಾದರೂ ತಮಾಷೆ ನಡೆಯುತ್ತದೆ. ಆದರೆ ಒಂದೇ ನಾಯಿ ಒಂದೇ ವರ್ಷದಲ್ಲಿ ಇಷ್ಟೊಂದು ನಗಿಸಿ, ನಡುವೆ ಅಳಿಸಿದ್ದು ಅದೊಂದೇ ಸಲ.

೧. ಒಂದೇ ತುಂಡು

ಟಾವೆಲ್, ಚಾದರಿನ ವ್ಯಾಪಾರದ ಸಾವ್ಕಾರರೊಬ್ಬರು ರಿಕ್ಷಾದಲ್ಲಿ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಕರೆತಂದರು. ಹೆಸರು ರಾಜಾ. ರಾಜಾ ಇಳಿಯಲೊಲ್ಲ. ಕೊನೆಗೆ ಸಾವ್ಕಾರರು, ರಿಕ್ಷಾದವನು ಇಬ್ಬರೂ ಸೇರಿ ಒಂದು ಚಾದರಿನಲ್ಲಿ ಮಲಗಿಸಿ, ನಾಲ್ಕು ಮೂಲೆ ಹಿಡಿದು ಒಳಗೆ ತಂದರು.

ರಿಕ್ಷಾದವನು ಬೆವರು ಒರೆಸಿಕೊಂಡು ನನಗೆ ಹೇಳಿದ, "ದಿನ ತುಂಬ್ಯಾವ ಅನಸ್ತದ ನೋಡ್ರಿ ಬಾಯಿ. ಲಗೂನ ನೋಡ್ರಿ."

ಸಾವ್ಕಾರರಿಗೆ ಸಿಟ್ಟು ಬಂತು. "ಗಂಡೈತೋ ಅದು."

ರಿಕ್ಷಾದವನು ನಾಯಿಯ ಹೊಟ್ಟೆ ನೋಡಿದ, ಸಾವ್ಕಾರರ ಹೊಟ್ಟೆ ನೋಡಿದ. "ಹಂಗಿದ್ರ ಮನಿತನದ್ದ ಇರಬೇಕ್ ಬಿಡ್ರಿ" ಅಂತ ಹೇಳಿ ಹೋದ.

ತೂಕ ನಲವತ್ತಾರು ಕಿಲೋ. ರಾಜಾನ ಎಲುಬಿನ ಅಳತೆಗೆ ಮೂವತ್ತಮೂರು ಇದ್ದರೆ ಸಾಕಿತ್ತು. ಎದೆಗೆ ನಳಿಗೆ ಹಚ್ಚಿ ಕೇಳಿದೆ, ನನ್ನ ನಗು ನಿಂತಿತು. ಹೃದಯ ದಣಿದಿತ್ತು. ಹದಿಮೂರು ಕಿಲೋದ ಮೂಟೆಯನ್ನು ಹಗಲೂ ರಾತ್ರಿ ಹೊತ್ತುಕೊಂಡು ಅದಾದರೂ ಎಷ್ಟು ದಿನ ನಡೆದೀತು?

ಸಾವ್ಕಾರರು ಬಂದದ್ದು ಮಾತ್ರ ಬೇರೆ ದೂರು ಹೇಳಲಿಕ್ಕೆ. ಅವರ ತಾಯಿಗೆ ಎಂಬತ್ತರ ಹತ್ತಿರ. ಮನೆಮಂದಿಗೆಲ್ಲ ಅವರು ಆಯಿ. ಆಯಿಯ ಖೋಲಿ ಮೇಲಿನ ಮಾಳಿಗೆಯಲ್ಲಿ, ಇಪ್ಪತ್ತೆರಡು ಮೆಟ್ಟಿಲು. ಮಂಡಿ ನೋವಿನಿಂದ ಆಯಿ ದಿನಕ್ಕೆ ಒಂದೇ ಸಲ, ಕಟಕಟೆ ಹಿಡಿದು ಕೆಳಗಿಳಿಯುವುದು. ರಾಜಾ ಮರಿಯಾಗಿದ್ದಾಗಿನಿಂದ ಆಯಿಯ ಮಂಚದ ಕಾಲಿಗೇ ಮಲಗಿದವನು. ದೀಪಾವಳಿಯಿಂದ ಅವನಿಗೆ ಹತ್ತಲು ಆಗುತ್ತಿಲ್ಲ. ಕೆಳಗೆ ಮೆಟ್ಟಿಲ ಬುಡದಲ್ಲಿ ಅವನು ಕುಂಯ್‌ಗುಡುತ್ತಾನೆ, ಮೇಲೆ ಆಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

"ಅವ ಮತ್ತ ಮ್ಯಾಲ ಹತ್ತೂ ಹಂಗ ಮಾಡ್ರಿ, ಅಷ್ಟ ಸಾಕು" ಅಂದರು ಸಾವ್ಕಾರರು.

"ಏನೇನು ತಿನಿಸ್ತೀರಿ?"

"ಏನಿಲ್ರಿ. ನಾ ಊಟಕ್ಕ ಕುಂತಾಗ ಒಂದ ತುಂಡು ಚಪಾತಿ."

ಮನೆಗೆ ಫೋನ್ ಹಚ್ಚಿಸಿ ಒಬ್ಬೊಬ್ಬರನ್ನೇ ಕೇಳಿದೆ. ಸಾವ್ಕಾರರ ಸೊಸೆ ಒಂದೇ ತುಂಡು ಅಂದಳು. ತಮ್ಮ ಒಂದೇ ತುಂಡು. ಮನೆಯಲ್ಲಿ ಹನ್ನೊಂದು ಮಂದಿ, ದಿನಕ್ಕೆ ಎರಡು ಊಟ, ನಡುವೆ ಚಹಾ. ಕೊನೆಗೆ ಫೋನು ಆಯಿಯ ಕೈಗೆ ಹೋಯಿತು.

"ಯವ್ವಾ, ನಾ ಒಂದ ತುಂಡೂ ಹಾಕೂದಿಲ್ಲ" ಅಂದಳು ಆಯಿ. "ಹಲ್ಲಿಲ್ಲ, ಚಪಾತಿ ನನಗ ಅಗಿಯಾಕ ಆಗೂದಿಲ್ಲ. ಅದಕ್ಕ ಇಡೀದ ಹಾಕ್ತೀನಿ."

೨. ಉಪವಾಸ

ಇಲ್ಲಿ ತಪ್ಪು ನನ್ನದೂ ಇದೆ. ಎಷ್ಟು ಹಾಕಬೇಕೆಂದು ವಿವರವಾಗಿ ಹೇಳಿದೆ, ಹೃದಯಕ್ಕೆ ಗುಳಿಗೆ ಬರೆದುಕೊಟ್ಟೆ. ಹೊರಡುವಾಗ ಸಾವ್ಕಾರರು, "ಅವ ಬೇಡಿದ್ರ ಏನ್ ಮಾಡೂದ್ರಿ?" ಅಂದದ್ದಕ್ಕೆ, "ಒಂದು ದಿನ ಉಪವಾಸ ಇದ್ದರೆ ಯಾರೂ ಸಾಯೂದಿಲ್ಲ ಬಿಡ್ರಿ" ಅಂದುಬಿಟ್ಟೆ. ನಾನು ಅಂದದ್ದು ಮಾತಿಗೆ. ಮನೆಯವರಿಗೆ ನೆನಪಿನಲ್ಲಿ ಉಳಿದದ್ದು ಅದೊಂದೇ ಮಾತು.

ತಿಂಗಳು ಬಿಟ್ಟು ಬಂದರು. ನಲವತ್ತೆಂಟು ಕಿಲೋ.

ಈ ಸಲ ಸೊಸೆಯೂ ಜೊತೆಗೆ ಬಂದಿದ್ದಳು. "ಆಯಿ ಭಾಳ ನೇಮದಿಂದ ಉಪವಾಸ ಮಾಡಸ್ಯಾರ್ರಿ" ಅಂದಳು. "ಗುರುವಾರ ಅವಂಗ ಚಪಾತಿ, ಭಕ್ರಿ, ಅನ್ನ ಏನೂ ಮುಟ್ಟಸೂದಿಲ್ಲ."

"ಮತ್ತ ಏನು ಕೊಡ್ತೀರಿ?"

"ಉಪವಾಸಕ್ಕ ನಡಿಯೂದು. ಸಾಬುದಾಣಿ ಖಿಚಡಿ, ಶೇಂಗಾದ ಲಾಡು, ತುಪ್ಪದಾಗ ಕರದ ಬಟಾಟಿ. ಸಂಜೀಕ ಬಾಳಿಹಣ್ಣಿನ ಶಿಕರಣಿ." ಆಮೇಲೆ ಮಾವನಿಗೆ ಕೇಳಿಸದಂತೆ ನನ್ನ ಕಡೆ ಬಾಗಿ ಮರಾಠಿಯಲ್ಲಿ ಅಂದಳು, "ಏಕಾದಶಿ, ದುಪ್ಪಟ್ ಖಾಶಿ." ಏಕಾದಶಿಯ ದಿನವೇ ಎರಡು ಪಟ್ಟು ತಿನ್ನುವುದು ಅಂತ.

ನಾನು ಆಯಿಗೆ ಫೋನ್ ಮಾಡಿದೆ. "ಆಯಿ, ವಾರಕ್ಕೊಂದು ಉಪವಾಸಕ್ಕ ಎರಡು ಕಿಲೋ ಹೆಂಗ ಹೆಚ್ಚಾತ್ರಿ?"

"ಮೊದಲ ಒಂದ ಇತ್ತ ಯವ್ವಾ" ಅಂದಳು ಆಯಿ. "ತೂಕ ಇಳೀವಲ್ದು ಅಂತ ಸೋಮವಾರಾನೂ ಹಿಡಿಸಿದೆ."

೩. ವಾಕಿಂಗು

ಉಪವಾಸ ಬಂದ್ ಮಾಡಿಸಿದೆ. ದಿನಾ ಬೆಳಿಗ್ಗೆ ಕೆರೆಯ ದಂಡೆಗೆ ನಿಧಾನಕ್ಕೆ ವಾಕಿಂಗು, ಕರೆದೊಯ್ಯುವವರು ಸಾವ್ಕಾರರೇ ಆಗಬೇಕು ಅಂದೆ. ಅವರ ಮೈಗೂ ಒಳ್ಳೆಯದು ಅಂತ ನನ್ನ ಲೆಕ್ಕ. ಅವರದೂ ಬಿ.ಪಿ., ಅವರ ಹೃದಯದ ಡಾಕ್ಟರೂ ತೂಕ ಇಳಿಸಿ ಅಂತ ಬೆನ್ನು ಹತ್ತಿದ್ದರಂತೆ.

"ಮತ್ತ ನೀವೇನ್ ಮಾಡಿದ್ರಿ?" ಅಂತ ಕೇಳಿದ್ದೆ.

"ಡಾಕ್ಟರನ್ನ ಬದಲಿ ಮಾಡೀನ್ರಿ" ಅಂದಿದ್ದರು.

ಹದಿನೈದು ದಿನ ವಾಕಿಂಗು ನಡೆಯಿತು. ನಾಯಿಯ ತೂಕ ಅಲ್ಲಾಡಲಿಲ್ಲ. ಒಂದು ದಿನ ನಾನೇ ಕೆರೆಯ ಕಡೆ ಹೋದೆ. ಸಾವ್ಕಾರರು ಸ್ಕೂಟರಿನ ಮೇಲೆ ಎದುರು ಬಂದರು. ಅವರ ಕಾಲುಗಳ ನಡುವೆ, ಕಾಲಿಡುವ ಹಲಗೆಯ ಮೇಲೆ, ಗಾಳಿಗೆ ಕಿವಿ ಬಿಟ್ಟುಕೊಂಡು ರಾಜಾ ಕೂತಿದ್ದ. ಇಬ್ಬರ ಬಾಯಿಗೂ ಭಜಿಯ ಎಣ್ಣೆ ಹತ್ತಿತ್ತು.

"ಎರಡ ರೌಂಡ್ ಆತ್ರಿ ಡಾಕ್ಟರ್‌ಬಾಯಿ" ಅಂದರು ಹೆಮ್ಮೆಯಿಂದ.

"ಸಾವ್ಕಾರ್ರ, ಇದು ವಾಕಿಂಗೇನ್ರಿ?"

ಅವರು ಸ್ಕೂಟರ್ ನಿಲ್ಲಿಸಿ ನನ್ನನ್ನೇ ತಿಳಿವಳಿಕೆ ಇಲ್ಲದವಳಂತೆ ನೋಡಿದರು. "ಅವನ ಹಾರ್ಟ್ ವೀಕ್ ಐತಿ ಅಂತ ನೀವ ಹೇಳೀರಿ. ನಡಸಿದ್ರ ದಣೀತಾನಲ್ರಿ?"

೪. ಪಾವಣ್ಯಾ

ಪೇಟೆಯ ಮನೆಯಲ್ಲಿ ಇದು ಸಾಧ್ಯವಿಲ್ಲ ಅಂತ, ಚಪಳಗಾಂವದಲ್ಲಿರುವ ಸಾವ್ಕಾರರ ಅಕ್ಕನ ಹೊಲಮನೆಗೆ ರಾಜಾನನ್ನು ಒಂದು ತಿಂಗಳು ಕಳಿಸಿದರು. ಅಲ್ಲಿ ಯಾವ ನಾಯಿಯನ್ನೂ ನಾನು ದಪ್ಪಗೆ ಕಂಡವಳಲ್ಲ. ಅರ್ಧ ಭಕ್ರಿ, ದಿನವಿಡೀ ಕುರಿಯ ಹಿಂದೆ ಓಡಾಟ. ನನಗೂ ಇದು ಛಲೋ ಅನ್ನಿಸಿತು.

ನಾನು ಮರೆತದ್ದು ಒಂದೇ. ಊರಿನ ನಾಯಿ ಊರಿನ ನಾಯಿ. ತಮ್ಮನ ಮನೆಯಿಂದ ಬಂದದ್ದು ನಾಯಿಯಲ್ಲ, ಪಾವಣ್ಯಾ, ಮನೆಗೆ ಬಂದ ಅತಿಥಿ. ಬೀಗರ ಊರಿನ ಪಾವಣ್ಯಾನಿಗೆ ಏನೇನು ಸಲ್ಲಬೇಕೋ ಎಲ್ಲ ಸಂದಿತು: ಬೆಳಿಗ್ಗೆ ಎಮ್ಮೆಯ ಹಾಲು, ಮಧ್ಯಾಹ್ನ ಬೆಣ್ಣೆ ಹಚ್ಚಿದ ಭಕ್ರಿ, ಮಲಗಲು ಹೊರಸು.

ಯಾಕೆ ಹೀಗೆ ಮಾಡಿದಿರಿ ಅಂತ ಅಕ್ಕನನ್ನು ಕೇಳಿದರೆ, "ನಮ್ಮ ಮನಿಗೆ ಬಂದ ಪಾವಣ್ಯಾ ಸೊರಗಿ ಹೋದ ಅಂದ್ರ ಮಂದಿ ನನ್ನ ಮಾರಿಗೆ ಏನಂತಾರ್ರಿ?" ಅಂದರು.

ಕಳಿಸಿಕೊಡುವಾಗ ಪದ್ಧತಿಯಂತೆ ಆಹೇರೂ ಮಾಡಿದ್ದರು, ಅಂದರೆ ಉಡುಗೊರೆ. ತಲೆಗೆ ಬಿಳಿ ಟೋಪಿ, ಕೊರಳಿಗೆ ಹೊಸ ಟಾವೆಲ್. ಸಾವ್ಕಾರರು ಟಾವೆಲಿನ ಅಂಚು ತಿರುವಿ ನೋಡಿದರು. ಹೋದ ಮದುವೆಯಲ್ಲಿ ಅಕ್ಕನಿಗೆ ತಾವೇ ಕೊಟ್ಟದ್ದು, ಅವರದೇ ಅಂಗಡಿಯದು.

೫. ಆಯಿಯ ಚಾರ್ಟು

ಊರಿನಿಂದ ಬಂದ ಮರುದಿನ ನಾನು ಅವರ ಮನೆಗೇ ಹೋಗಿದ್ದೆ. ಮೇಲಿನಿಂದ ಆಯಿ ಕೆಮ್ಮಿದಳು. ತಿಂಗಳ ಮೇಲೆ ಆ ಸದ್ದು ಕೇಳಿದ ರಾಜಾ ಯಾರು ಹಿಡಿದರೂ ನಿಲ್ಲದೆ ಮೆಟ್ಟಿಲಿಗೆ ನುಗ್ಗಿದ. ಒಂದು, ಎರಡು, ಏಳನೆಯದಕ್ಕೆ ಕುಸಿದು ಕೂತ. ನಾಲಿಗೆ ನೀಲಿಗಟ್ಟುತ್ತಿತ್ತು. ನಾನು ಚುಚ್ಚುಮದ್ದು ಕೊಟ್ಟು, ಆಮ್ಲಜನಕ ತರಿಸಿ, ಅವನ ಉಸಿರು ತಹಬಂದಿಗೆ ಬರುವವರೆಗೆ ಕೆಳಗೆ ಮನೆಮಂದಿಯೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಆಯಿ ಮೇಲಿನ ಮೆಟ್ಟಿಲ ಮೇಲೆ ಕೂತೇ ಬಿಟ್ಟಿದ್ದಳು.

ನನಗೆ ಅಷ್ಟು ಸಿಟ್ಟು ಬಂದದ್ದು ಕಡಿಮೆ. ಮೇಲೆ ಹತ್ತಿ ಹೋಗಿ ಹೇಳಿದೆ, "ಆಯಿ, ನೀವು ಮಾಯಾದಿಂದ ಹಾಕೂ ಒಂದೊಂದು ತುತ್ತು ಅವನ ಎದಿ ಮ್ಯಾಲ ಕುಂಡರ್ತೈತಿ. ಹಿಂಗ ನಡದ್ರ ಬರೂ ದೀಪಾವಳಿ ಅವ ನೋಡೂದಿಲ್ಲ."

ಆಯಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಬರದ ಕೊಡು. ಕನ್ನಡದಾಗ ಬರಿ. ಈ ಮನ್ಯಾಗ ಕನ್ನಡ ಓದಾಕ ಬರೂದು ನನಗ ಒಬ್ಬಾಕಿಗೆ. ಉಳದವ್ರೆಲ್ಲ ಮರಾಠಿ ಸಾಲಿ" ಅಂದಳು.

ಹಾಳೆ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದೆ. ಬೆಳಿಗ್ಗೆ ಒಂದು ವಾಟಿ ಊಟ, ಸಂಜೆ ಒಂದು ವಾಟಿ. ತುಪ್ಪ, ಶೇಂಗಾ, ಸಾಬುದಾಣಿ, ಭಜಿ ಬಂದ್. ನಡುವೆ ಹಸಿವಾದರೆ ಗಜ್ಜರಿ, ಸೌತೆಕಾಯಿ. ಎರಡು ಹೊತ್ತು ನಡೆಸುವುದು, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು. ಊಟದ ಹೊತ್ತಿಗೆ ಎದುರು ಕೂತು ಮಾರಿ ನೋಡಿದರೂ ಕರಗಬಾರದು. ಮತ್ತೆ ಬೇಡಿದರೆ ತಿನ್ನಲು ಕೊಡದೆ ತಲೆ ಸವರಿ "ಶ್ಯಾಣ್ಯಾ", ಜಾಣ, ಅನ್ನುವುದು. ಬಾಲ ಅಲ್ಲಾಡಿಸಿದರೂ ಕೊಡಬಾರದು.

ಅಂದಿನಿಂದ ಅಡುಗೆಮನೆಯ ಕಪಾಟಿನ ಕೀಲಿ ಆಯಿಯ ಸೊಂಟಕ್ಕೆ ಹೋಯಿತು. ಮಂಡಿ ನೋವಿದ್ದರೂ ಎರಡು ಹೊತ್ತು ಕೆಳಗಿಳಿದು, ಚಾರ್ಟು ಎದುರಿಗಿಟ್ಟುಕೊಂಡು, ಸ್ಟೀಲಿನ ವಾಟಿಯಲ್ಲಿ, ಆ ಸಣ್ಣ ಬಟ್ಟಲಲ್ಲಿ, ಅಳೆದು ತಾನೇ ಹಾಕಿದಳು. ಬೇರೆ ಯಾರಾದರೂ ಹಾಕಿದರೆ ತನ್ನ ಆಣೆ ಅಂದಳು. ಎಂಬತ್ತರ ತಾಯಿಯ ಆಣೆ ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗಿದೆ? ರವಿವಾರಕ್ಕೊಮ್ಮೆ ಅಂಗಡಿಯ ಗಂಟು ತೂಗುವ ಕಾಟಾದ ಮೇಲೆ ರಾಜಾ ನಿಲ್ಲುತ್ತಿದ್ದ. ಊರಿನಿಂದ ಬಂದಾಗ ನಲವತ್ತೊಂಬತ್ತು ಇದ್ದದ್ದು ನಲವತ್ತೈದು, ನಲವತ್ತು, ಮೂವತ್ತಾರು.

ಏಳನೆಯ ತಿಂಗಳಲ್ಲಿ ಆಯಿಯಿಂದ ಫೋನ್ ಬಂತು, "ಯವ್ವಾ, ಸಂಜೀಕ ಮನಿಗೆ ಬಾ."

ಹೋದೆ. ಆಯಿ ಮೇಲೆ ಕಟಕಟೆ ಹಿಡಿದು ನಿಂತಿದ್ದಳು. ಒಂದೇ ಸಲ "ರಾಜಾ" ಅಂದಳು. ಅವನು ಏಳನೆಯ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತ, ನಾವೆಲ್ಲ ಉಸಿರು ಹಿಡಿದೆವು. ಅವನು ನಮ್ಮ ಕಡೆ ತಿರುಗಿ ನೋಡಿ, ಉಳಿದ ಹದಿನೈದನ್ನೂ ದಡದಡ ಏರಿ ಆಯಿಯ ಸೀರೆಗೆ ಮಾರಿ ಒತ್ತಿದ. ನಳಿಗೆ ಹಚ್ಚಿ ಕೇಳಿದೆ. ಗುಳಿಗೆ ಇನ್ನೂ ಬೇಕು, ಆದರೆ ಆ ಎದೆ ಈಗ ತನ್ನ ಕೆಲಸ ಗಟ್ಟಿಯಾಗಿ ಮಾಡುತ್ತಿತ್ತು. ನನ್ನ ಕಣ್ಣೂ ತುಂಬಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಅಷ್ಟು ಗೆದ್ದದ್ದು ಯಾವತ್ತೂ ಇಲ್ಲ.

ರಾಜಾನ ಹಿಂದೆಯೇ ಇನ್ನೊಬ್ಬರು ದಡದಡ ಹತ್ತಿ ಬಂದರು. ನೋಡಿದರೆ ಸಾವ್ಕಾರರು. ಹೊಟ್ಟೆ ಇರಲಿಲ್ಲ. ಅಂಗಿ ಗೂಟಕ್ಕೆ ಹಾಕಿದಂತೆ ಜೋಲುತ್ತಿತ್ತು.

"ನಿಮ್ಮ ಚಾರ್ಟಿನ ಪುಣ್ಯಾರಿ" ಅಂದರು. "ನಮ್ಮಿಬ್ಬರಿಗೂ ಒಂದ ಚಾರ್ಟ್ ಬರದೀರಿ ಅಂತ ಆಯಿ ಹೇಳಿದ್ಲು. ಹದಿನಾರು ಕಿಲೋ ಇಳದೀನಿ."

ನಾನು ಆಯಿಯ ಕಡೆ ನೋಡಿದೆ. ಆಯಿ ನಾಯಿಯ ಕಿವಿ ತುರಿಸುತ್ತ, "ಗುಳಿಗಿ ಬ್ಯಾರೆ ಬ್ಯಾರೆ ಕೊಟ್ಟೀನವ್ವ" ಅಂದಳು.

ನಾನು ಬಾಯಿ ಬಿಡಲಿಲ್ಲ. ಆದರೆ ಮರುವಾರ ಸಾವ್ಕಾರರು ತಾವು ಬಿಟ್ಟುಬಂದಿದ್ದ ಹಳೆಯ ಹೃದಯದ ಡಾಕ್ಟರ ಹತ್ತಿರ ಎದೆ ಉಬ್ಬಿಸಿಕೊಂಡು ಹೋದರು. ಜೊತೆಗೆ ಚಾರ್ಟನ್ನೂ ಒಯ್ದರು. ಆ ಡಾಕ್ಟರು ವಿಜಯಪುರದ ಕಡೆಯವರು, ಕನ್ನಡ ಸಾಲಿಯಲ್ಲಿ ಓದಿದವರು. ಚಾರ್ಟು ಓದುತ್ತ ಹೋದರಂತೆ, ಎಲ್ಲದಕ್ಕೂ ತಲೆಯಾಡಿಸಿದರಂತೆ. ಕೊನೆಯ ಸಾಲಿಗೆ ಬಂದು ಕನ್ನಡಕ ತೆಗೆದು ಒರೆಸಿಕೊಂಡರಂತೆ.

"ಸಾವ್ಕಾರ್ರ, ಇದನ್ನ ಬರದವ್ರು ಯಾರ್ರಿ?"

"ನಮ್ಮ ಡಾಕ್ಟರ್‌ಬಾಯಿ. ಯಾಕ್ರಿ?"

"ಬಾಲ ಅಲ್ಲಾಡಿಸಿದ್ರೂ ಕೊಡಬ್ಯಾಡ್ರಿ ಅಂತ ಬರದಾರ."

ಸಾವ್ಕಾರರು ಚಾರ್ಟನ್ನು ಮಡಚಿ ಕಿಸೆಗೆ ಇಟ್ಟುಕೊಂಡರಂತೆ. ಅಲ್ಲಿಂದ ಹೊರಬಂದವರೇ ಮೊದಲು ಮಾಡಿದ ಕೆಲಸ ನನಗೆ ಫೋನ್. ಬೈಯುತ್ತಾರೆ ಅಂತ ನಾನು ತಯಾರಾಗಿದ್ದೆ. ಅವರು ಮೆತ್ತಗೆ ಒಂದೇ ಮಾತು ಕೇಳಿದರು.

"ಡಾಕ್ಟರ್‌ಬಾಯಿ, ಏಳು ತಿಂಗಳಾತು, ನಾ ಇನ್ನೊಂದು ಚಪಾತಿ ಬೇಡಿದಾಗೆಲ್ಲ ಆಯಿ ನನ್ನ ತಲಿ ಸವರಿ ‘ಶ್ಯಾಣ್ಯಾ’ ಅಂತಾಳ. ಈ ವಯಸ್ಸಿನ್ಯಾಗ ಇಷ್ಟ ಮಾಯಾ ಎಲ್ಲಿಂದ ಬಂತು ಅಂತ ನಾ ದಿನಾ ಕಣ್ಣಾಗ ನೀರ ತರ್ತಿದ್ದೆ. ಅದೂ ಚಾರ್ಟಿನ್ಯಾಗಿಂದ ಏನ್ರಿ?"