ಬೆಳಗಿನ ಹೊತ್ತು ಸ್ಟಾರ್ಟ್ ಆಗದ ನಮ್ಮ ಗಾಡಿ

ಮರ್ಯಾದೆ ಕಳೆದುಕೊಳ್ಳುವುದಕ್ಕೆ ಬೇರೆಯವರು ಏನೇನೋ ಮಾಡಬೇಕಾಗುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ಗಾಡಿಯ ಕೀ ತಿರುಗಿಸಿದರೆ ಸಾಕಾಗುತ್ತಿತ್ತು.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಸೀರೆ ನೇಯಿಸುವ ಮನೆ; ಇರುವವರು ಅತ್ತೆ, ಯಜಮಾನರು, ನಾನು. ಹನೂರು, ಯಳಂದೂರು ಕಡೆಯ ಮಗ್ಗದವರಿಗೆ ನೂಲು ಕೊಟ್ಟು ಸೀರೆ ತರಲು ಒಂದು ಹಳೆಯ ಪಿಕಪ್ ಗಾಡಿ ಇತ್ತು. ಎಷ್ಟು ಡೀಸೆಲ್ ಬೇಕೆಂದು ಒಳಗಿನ ಕಂಪ್ಯೂಟರೇ ತೀರ್ಮಾನಿಸಿ ಚಿಮ್ಮಿಸುವ ಇಂಜೆಕ್ಷನ್ ಇಂಜಿನ್ ಅದರದು. ಮಧ್ಯಾಹ್ನ ಮುಟ್ಟಿದರೆ ಹೊರಡುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಬೀದಿಗೆಲ್ಲ ಕೇಳುವಂತೆ ನರಳಿ ಸುಮ್ಮನಾಗುತ್ತಿತ್ತು.

ಅದನ್ನು ಮಾರಿಬಿಡೋಣ ಎಂದರು ನಮ್ಮ ಯಜಮಾನರು. "ಕೊಳ್ಳೋರು ಬರೋ ಮೊದಲು ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟರಾಯ್ತು. ಎಲ್ಲರೂ ಮಾಡೋದೇ."

"ನನ್ನ ಹೆಸರಿನಲ್ಲಿರುವ ಗಾಡಿ ಮೋಸದಿಂದ ಈ ಮನೆ ಬಿಡುವುದಿಲ್ಲ. ತಣ್ಣಗಿದ್ದಾಗ ತಾನಾಗಿ ಸ್ಟಾರ್ಟ್ ಆಗಲಿ, ಆಮೇಲೆ ಮಾರಾಟ" ಎಂದೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಸತ್ಯ ಹೇಳುವಾಗ ಪಕ್ಕದ ಮನೆಗೂ ಕೇಳುವಂತೆಯೇ ಹೇಳುತ್ತೇನೆ. ಅದರ ಫಲವನ್ನು ಮುಂದೆ ಉಂಡೆ.

ಕೇಳಬಾರದ ಪ್ರಶ್ನೆ

ನಮ್ಮ ಡ್ರೈವರನ ಪ್ರಕಾರ ತಪ್ಪು ಗಾಡಿಯದಲ್ಲ, ಎದುರು ಮನೆಯಾಕೆಯದು. ಹೊರಡುವ ಹೊತ್ತಿಗೆ ಸರಿಯಾಗಿ ಪೊರಕೆ ಹಿಡಿದು ಬಂದು "ಎಲ್ಲಿಗೆ?" ಎಂದು ಕೇಳುತ್ತಿದ್ದರಂತೆ.

"ಓಗೋರ್ನ ಎಲ್ಲಿಗೆ ಅಂದ್ರೆ ಇಂಜಿನ್ ಆದ್ರೂ ಏನ್ ಮಾಡ್ತದೆ ಅಮ್ಮಾವ್ರೇ?" ಎಂದ.

ಮೂಢನಂಬಿಕೆ ಎಂದು ಗದರಿದೆ. ಆದರೂ ಮರುದಿನ ಎದುರು ಮನೆಗೆ ಹೋಗಿ, ನಾಳೆಯಿಂದ ದಯವಿಟ್ಟು ಆ ಪ್ರಶ್ನೆ ಬೇಡ ಎಂದು ವಿನಯದಿಂದಲೇ ಹೇಳಿಬಂದೆ.

ಆಕೆ ಮಾತು ಉಳಿಸಿಕೊಂಡರು. ಹನೂರಿಗೆ ಹೊರಟ ಬೆಳಿಗ್ಗೆ ತುಟಿ ಬಿಗಿದು ಗುಡಿಸಿದರು, ನೀರು ಹಾಕಿದರು, ರಂಗೋಲಿ ಬಿಟ್ಟರು. ಗಾಡಿ ಇನ್ನೂ ಕರ್ರ್ ಎನ್ನುತ್ತಲೇ ಇತ್ತು. ಹಾಲು ತಂದರು, ಕಾಫಿ ಕುಡಿದರು, ಲೋಟ ಹಿಡಿದು ಮತ್ತೆ ಬಾಗಿಲಿಗೆ ಬಂದರು.

"ಎಲ್ಲಿಗೆ ಅಂತ ನಾನು ಕೇಳ್ನಿಲ್ಲ ಕಣವ್ವಾ" ಎಂದರು. "ಇನ್ನೂ ಓಗ್ನಿಲ್ವಾ ಅಂತ ಕೇಳ್ತಾವ್ನಿ, ಅಷ್ಟೆ."

ಯಳಂದೂರಿನಲ್ಲಿ ಸಿಕ್ಕ ಕಾರಣ

ಹೊಸ ಬ್ಯಾಟರಿ ಹಾಕಿಸಿದೆವು. ಡೀಸೆಲ್ ಫಿಲ್ಟರ್ ಬದಲಾಯಿಸಿದೆವು. ಆ ಧೈರ್ಯದ ಮೇಲೆ ಯಳಂದೂರಿನ ಮದುವೆಗೆ ಗಾಡಿಯಲ್ಲೇ ಹೋಗಿ ರಾತ್ರಿ ಅಲ್ಲಿಯೇ ಉಳಿದೆವು. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಗಾಡಿ ಕದಲಲಿಲ್ಲ.

ಛತ್ರದ ಮುಂದೆ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಅಡುಗೆಯವರು ಎಲ್ಲರೂ ಸೇರಿ ತಳ್ಳಿದರು. ನಾನು ರೇಷ್ಮೆ ಸೀರೆಯಲ್ಲಿ ಡ್ರೈವರನ ಪಕ್ಕ, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ನೋಡುತ್ತ ಕೂತಿದ್ದೆ. ಇಂಥ ಹೊತ್ತಿನಲ್ಲಿ ಇಳಿದರೆ ಇನ್ನೂ ಅವಮಾನ ಎಂದು ನನ್ನ ಲೆಕ್ಕ. ಛತ್ರದ ಮುಂದೆಯೇ ಎರಡು ಸಲ ಹಿಂದೆ ಮುಂದೆ ಮೆರವಣಿಗೆಯಾಯಿತು.

ಅಡುಗೆಯವರಲ್ಲಿ ಒಬ್ಬ ಏದುಸಿರು ಬಿಡುತ್ತ ಕಿಟಕಿಗೆ ಬಂದ. "ಅಮ್ಮಾವ್ರೇ, ತೆಪ್ಪು ತಿಳ್ಕೋಬ್ಯಾಡಿ. ತಾವು ವಸಿ ಇಳುದ್ರೆ ಅಗುರಾಯ್ತದೆ."

ಇಳಿದೆ. ನನ್ನ ಎರಡನೆಯ ಕಾಲು ನೆಲಕ್ಕೆ ತಾಗುವ ಮೊದಲೇ ಇಂಜಿನ್ ಗರ್ಜಿಸಿ ಹೊತ್ತಿಕೊಂಡಿತು.

ನೆರೆದವರೆಲ್ಲ ಚಪ್ಪಾಳೆ ಹೊಡೆದರು. ನಮ್ಮ ಯಜಮಾನರು ಡ್ರೈವರನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ನೋಡಪ್ಪಾ, ಸುಮ್ಮನೆ ಹೊಸ ಬ್ಯಾಟರಿ ಹಾಕಿಸಿದ್ವಿ."

ಗಾಡಿಯ ಸುಳ್ಳು

ಊರಿಗೆ ಬಂದು ಮೆಕ್ಯಾನಿಕ್ಕನ ಬಳಿ ಹೋದರೆ, ಅವನು ಸ್ಕ್ಯಾನರ್ ಸಿಕ್ಕಿಸಿ ನೋಡಿ "ಎಲ್ಲಾ ಸರ್ಯಾಗದೆ" ಎಂದ. ಅವನ ಶೆಡ್ಡಿಗೆ ಹೋಗುವಷ್ಟರಲ್ಲಿ ಗಾಡಿ ಬಿಸಿಯಾಗಿರುತ್ತದಲ್ಲ, ಕಾಯಿಲೆ ಕಾಣುವುದು ಹೇಗೆ? "ರೋಗಿ ಮಲಗಿರುವ ಕಡೆಗೆ ನೀವು ಬರಬೇಕು" ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಬೆಳಗಾಗುತ್ತಲೇ ಮಫ್ಲರ್ ಸುತ್ತಿಕೊಂಡು, ಗೊಣಗಿಕೊಂಡು ಬಂದ. ಕೀ ಹಾಕಿ ಸ್ಕ್ಯಾನರ್ ನೋಡಿದವನೇ ಇಂಜಿನ್ನಿನ ಮೇಲೆ ಕೈಯಿಟ್ಟ. ಮತ್ತೆ ಸ್ಕ್ಯಾನರ್ ನೋಡಿದ. ಇಂಜಿನ್ ಮಂಜುಗಡ್ಡೆಯಂತಿದೆ, ಒಳಗಿನ ನೀರು ಕುದಿಯುವ ಹತ್ತಿರ ಇದೆ ಎನ್ನುತ್ತಿದೆ ಸ್ಕ್ಯಾನರ್!

ನೀರಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿತ್ತು. ಇಂಜಿನ್ ಬಿಸಿಯಾಗಿದೆ ಎಂದು ಅದು ಹೇಳುತ್ತಿತ್ತು. ಕಂಪ್ಯೂಟರ್ ಅದನ್ನು ನಂಬಿ, ಚಳಿಗೆ ಬೇಕಾದ ಹೆಚ್ಚಿನ ಡೀಸೆಲ್ಲನ್ನೂ ಕೊಡದೆ, ಹೀಟರ್ ಪ್ಲಗ್ಗನ್ನೂ ಕಾಯಿಸದೆ ಸುಮ್ಮನಿರುತ್ತಿತ್ತು. ಹೊಸ ಸೆನ್ಸರ್ ಬಂತು. ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್!

"ನಿಮ್ ಗಾಡಿ ಇಷ್ಟ್ ದಿನಾ ಸುಳ್ಳೇಳ್ತಿತ್ತು ಅಮ್ಮಾ" ಎಂದ ಮೆಕ್ಯಾನಿಕ್.

ನಾನು ಹೆಮ್ಮೆಯಿಂದ ತಲೆಯೆತ್ತುವಷ್ಟರಲ್ಲಿ ಯಜಮಾನರು ಹಿಂದಿನಿಂದ ಅಂದರು: "ನಮ್ಮನೇಲಿ ಆ ಧೈರ್ಯ ಇದ್ದದ್ದು ಅದೊಂದಕ್ಕೇ ಕಣಪ್ಪ."

ಬಂಡಳ್ಳಿಯವರು ಬಂದರು

ಗಾಡಿ ಕೊಳ್ಳಲು ಬಂಡಳ್ಳಿಯಿಂದ ರೈತರೊಬ್ಬರು ಬಂದರು. ತಣ್ಣಗಿನ ಗಾಡಿಯನ್ನೇ ನೋಡಬೇಕು ಎಂದು ಮೊದಲ ಬಸ್ಸಿಗೇ ಬಂದಿದ್ದರು. ಇದಕ್ಕಾಗಿಯೇ ಅಲ್ಲವೇ ನಾನು ಇಷ್ಟು ಕಾಲ ತಲೆ ತಗ್ಗಿಸಿದ್ದು! ಜಗಲಿಯ ಮೇಲೆ ನಿಂತು, ಎದುರು ಮನೆಗೂ ಕೇಳುವಂತೆ ಹೇಳಿದೆ: "ನಿನ್ನೆ ಸಂಜೆಯಿಂದ ಈ ಗಾಡಿಯ ಕೀ ನನ್ನ ತಲೆದಿಂಬಿನ ಕೆಳಗಿತ್ತು. ಯಾರೂ ಸ್ಟಾರ್ಟ್ ಮಾಡಿಲ್ಲ, ಬಿಸಿ ಮಾಡಿಲ್ಲ. ಈ ಮನೆಯಲ್ಲಿ ಮೋಸ ಎಂಬುದಿಲ್ಲ."

ಅವರು ನಕ್ಕು, ಗಾಡಿ ನಿಲ್ಲಿಸಿದ್ದ ಹಿತ್ತಿಲಿಗೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಊರಿದರು. ತಕ್ಷಣ ಕೈ ಹಿಂದಕ್ಕೆಳೆದುಕೊಂಡರು.

"ಅಮ್ಮಾ, ಇದ್ರ ಮ್ಯಾಲೆ ರೊಟ್ಟಿ ಬೇಯ್ತದೆ."

ನಾನು ಮುಟ್ಟಿದೆ. ಸುಡುತ್ತಿತ್ತು, ಹಬೆಯೂ ಏಳುತ್ತಿತ್ತು. ಯಜಮಾನರನ್ನು ನೋಡಿದೆ, ದೇವರಾಣೆ ನಾನಲ್ಲ ಎಂದು ಕೈಯಲ್ಲಾಡಿಸಿದರು. ಎದುರು ಮನೆಯಾಕೆ ಪೊರಕೆ ಸಮೇತ ನಮ್ಮ ಹಿತ್ತಿಲಿಗೇ ಬಂದುಬಿಟ್ಟಿದ್ದರು. ಆ ಕ್ಷಣ ಭೂಮಿ ಬಾಯಿಬಿಟ್ಟಿದ್ದರೆ ನಾನು ಎರಡು ಮಾತಾಡದೆ ಇಳಿದುಹೋಗುತ್ತಿದ್ದೆ.

ಅಷ್ಟರಲ್ಲಿ ನಮ್ಮ ಅತ್ತೆ ಬಚ್ಚಲುಮನೆಯಿಂದ ಹಬೆಯಾಡುವ ಬಿಸಿನೀರಿನ ಇನ್ನೊಂದು ಕೊಳದಪ್ಪಲೆ ಹೊತ್ತು ಬಂದರು. ಸೊಂಟದಲ್ಲಿ ಸೀಗೆಪುಡಿಯ ಡಬ್ಬಿ.

"ವಸಿ ಸರ್ಕೊಳ್ರಪ್ಪಾ, ಇನ್ನೊಂದು ನೀರು ಉಯ್ಯಬೇಕು. ಇಷ್ಟ್ ವರ್ಸ ಈ ಮನೇಲಿ ದುಡುದದೆ. ಮನೆ ಬುಟ್ಟು ಓಗೋ ದಿನ ಎಣ್ಣೆನೀರು ಆಕ್ದೆ ಕಳ್ಸಕಾಯ್ತದಾ?"

ಆಗ ಕಂಡಿತು. ಬಾನೆಟ್ ಪೂರ್ತಿ ಹರಳೆಣ್ಣೆ ಹಚ್ಚಿದ್ದರು. ಹೊಸ ಗಾಡಿಗೂ ಇಲ್ಲದ ಮಿರುಗು.

"ಪಾಲೀಸು ಬ್ಯಾರೆ ಆಗದೆ" ಎಂದರು ಬಂಡಳ್ಳಿಯವರು.

ಪುಣ್ಯಕ್ಕೆ ಆ ಮನುಷ್ಯ ತಿಳಿದವರು. ಬಾನೆಟ್ ಎತ್ತಿಸಿ ಒಳಗಿನ ಇಂಜಿನ್ನನ್ನೇ ಮುಟ್ಟಿದರು, ತಣ್ಣಗಿತ್ತು. ಕೀ ತಿರುಗಿಸಿದರು, ಒಂದೇ ಸಲಕ್ಕೆ ಹೊತ್ತಿಕೊಂಡಿತು. ಗಾಡಿಯನ್ನು ಒಪ್ಪಿಕೊಂಡು ಹತ್ತಿ ಕೂತ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಆದ್ರೆ ಒಂದ್ ಮಾತು ಅಮ್ಮಾ. ಇದ್ಕೆ ಬಿಸ್ನೀರು ರೂಢಿ ಆಗೋಗದೆ. ನಿಮ್ಮತ್ತೇರ್ನೂ ಜತೇಲೇ ಕಳ್ಸಿಕೊಟ್ಬುಡಿ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಕೊಳದಪ್ಪಲೆ ಕೆಳಗಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಬಂಡಳ್ಳಿಯವರ ಕಿಟಕಿಯ ಹತ್ತಿರ ಹೋಗಿ ಕೇಳಿದರು:

"ನಿಮ್ಮನೇಲಿ ಸೊಸೆ ಎಂಗವ್ಳೆ?"