ಸ್ಟೆಪ್ನಿಯ ಮೇಲಿನ ಕೋವಿ

ದೋಹಾದಲ್ಲಿರುವ ನಮ್ಮ ಕರಾವಳಿ ಬಂಧು ಬಳಗದ ಬಳಿ ಒಂದು ಕೋವಿ ಉಂಟು. ಸದರಿ ಕೋವಿಯನ್ನು ರಸ್ತೆಬದಿಯ ತುರ್ತು ಸಂದರ್ಭಗಳಿಗಾಗಿ ಸದಸ್ಯರ ಕಾರಿನ ಡಿಕ್ಕಿಯಲ್ಲಿ ಸರದಿ ಪ್ರಕಾರ ಇಡತಕ್ಕದ್ದು ಎಂದು ಮಹಾಸಭೆ ಸರ್ವಾನುಮತದಿಂದ ತೀರ್ಮಾನಿಸಿತ್ತು. ಕೋವಿ ಮರದ್ದು. ಈ ವಿಷಯ ಎಲ್ಲ ಸದಸ್ಯರಿಗೂ ಗೊತ್ತಿದ್ದು, ಯಾರಿಂದಲೂ ಆಕ್ಷೇಪ ಬಂದಿರುವುದಿಲ್ಲ.

ಇದನ್ನು ಬರೆಯುತ್ತಿರುವವಳು ವಾರಿಜಾಕ್ಷಿ, ಅಂದರೆ ನಾನು. ಅಲ್ ಹಿಲಾಲಿನಲ್ಲಿ ಮಗ ಜಯಕರನ ಫ್ಲಾಟಿನಲ್ಲಿ ಇದ್ದೇನೆ. ಓದಿದ್ದು ಮೂರನೇ ಕ್ಲಾಸು. ಬಳಗದಲ್ಲಿ ಬಾಕಿ ಎಲ್ಲರೂ ಡಿಗ್ರಿಯವರು. ಆದ ಕಾರಣ ನಡೆದದ್ದನ್ನು ನಡೆದ ಹಾಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಕೋವಿ ಹುಟ್ಟಿದ್ದು ಹೀಗೆ. ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ನಾವು ಇಲ್ಲಿಯೂ ಹುಲಿವೇಷ ಕುಣಿಸುತ್ತೇವೆ. ಹುಲಿ ಕುಣಿದು ಕುಣಿದು ಕಡೆಗೆ ಬೇಟೆಗಾರ ಬಂದು ಕೋವಿ ತೋರಿಸಬೇಕು, ಹುಲಿ ಬೀಳಬೇಕು. ಬೀಳದಿದ್ದರೆ ಹಾಲ್ ಬಿಟ್ಟುಕೊಡುವ ಹೊತ್ತಾದರೂ ನಮ್ಮ ಹುಲಿ ನಿಲ್ಲುವುದಿಲ್ಲ. ಹಾಗಾಗಿ ಫರ್ನಿಚರ್ ಅಂಗಡಿ ಇಟ್ಟಿರುವ ಪಕೀರಬ್ಬನವರು, ನಾವೆಲ್ಲ ಪಕೀರಾಕ ಎನ್ನುವುದು, ಒಂದು ಕೋವಿ ಮಾಡಿಕೊಟ್ಟರು. ಮಾಡಿಕೊಟ್ಟದ್ದು ಜಾಸ್ತಿ ಚಂದ ಆಯಿತು. ಸಾಗುವಾನಿ ಹಿಡಿ, ಎ.ಸಿ.ಯ ಪೈಪಿನ ನಳಿಗೆ, ಮೇಲಿನಿಂದ ಕಪ್ಪು ಪಾಲಿಶು. ಅದನ್ನು ನೋಡಿ ಹುಲಿ ಬೇಟೆಗಾರ ಬರುವ ಮೊದಲೇ ಬಿದ್ದಿತು.

ಬೇಟೆ ಮುಗಿದ ಮೇಲೆ ಕೋವಿಯನ್ನು ಮುರಿದು ಬಿಸಾಡಿದ್ದರೆ ಖಲಾಸ್. ಆದರೆ ಆಯುಧ ಪೂಜೆಯ ದಿನ ಎಲ್ಲರ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಪೂಜೆ ಮಾಡುವಾಗ ಯಾರೋ ಪುಣ್ಯಾತ್ಮರು ಕೋವಿಯನ್ನೂ ಒಂದು ಬಾನೆಟ್ಟಿನ ಮೇಲೆ ಇಟ್ಟರು. ಭಟ್ಟರು ಅದಕ್ಕೂ ಕುಂಕುಮ ಹಚ್ಚಿ, ಹೂ ಇಟ್ಟು, ಆರತಿ ಎತ್ತಿದರು. ಪೂಜೆಯಾದ ಆಯುಧವನ್ನು ಮುರಿಯುವುದುಂಟೇ? ಮನೆಯಲ್ಲಿ ಇಡೋಣವೆಂದರೆ, ಮಕ್ಕಳು ಬಾಲ್ಕನಿಗೆ ಕೊಂಡುಹೋಗಿ ಎದುರಿನ ಬಿಲ್ಡಿಂಗಿಗೆ ಗುರಿ ಇಟ್ಟರೆ ನಮ್ಮೆಲ್ಲರ ವೀಸಾದ ಗತಿ ಏನು? ಈ ಊರಲ್ಲಿ ಕೋವಿ ಎಂದರೆ ತಮಾಷೆಯಲ್ಲ.

"ಕಾರುಗಳ ಒಟ್ಟಿಗೆ ಪೂಜೆಯಾದದ್ದು, ಕಾರಿನಲ್ಲೇ ಇರಲಿ," ಎಂದು ಅಧ್ಯಕ್ಷರಾದ ಸೀನಪ್ಪಣ್ಣ ಅದನ್ನು ತಮ್ಮ ಡಿಕ್ಕಿಯಲ್ಲಿ ಮಲಗಿಸಿಕೊಂಡು ಅಲ್ ಸದ್ದ್‌ನ ಮನೆಗೆ ಹೋದರು.

ಇಲ್ಲಿಯವರೆಗೆ ನನ್ನ ತಪ್ಪು ಏನೂ ಇಲ್ಲ. ಮರುದಿನ ಲಿಫ್ಟಿನಲ್ಲಿ ಮೇಲಿನ ಮಾಳಿಗೆಯ ಬರ್ನಡೆಟ್ ಬಾಯಿ ಸಿಕ್ಕಿದರು. ಅವರು ಹುಲಿವೇಷಕ್ಕೂ ಪೂಜೆಗೂ ಬಂದಿರಲಿಲ್ಲ.

"ಬಾಯೀ, ಗೊತ್ತುಂಟಾ? ಸೀನಪ್ಪಣ್ಣನ ಕಾರಲ್ಲಿ ಕೋವಿ ಉಂಟು," ಎಂದೆ.

"ದೇವರೇ! ಎಂತಕ್ಕೆ?"

"ದಾರಿಯಲ್ಲಿ ಏನಾದರೂ ಆದರೆ."

ಮರದ್ದೋ ಎಂದು ಅವರು ಕೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ. ಈ ಮಾತಿಗೆ ನಮ್ಮ ಸೊಸೆ ಶರ್ಮಿಳಾ ಯಾಕೆ ನಗುತ್ತಾಳೋ ತಿಳಿಯದು.

ವಾರದೊಳಗೆ ಸುದ್ದಿ ಅಲ್ ಸದ್ದ್ ಸುತ್ತಿ, ಅಲ್ ಅಜೀಜಿಯಾಕ್ಕೆ ಹೋಗಿ, ಮೈ ಕೈ ತುಂಬಿಕೊಂಡು ನನ್ನ ಹತ್ತಿರವೇ ವಾಪಸು ಬಂತು. "ವಾರಿಜಕ್ಕಾ, ಸೀನಪ್ಪಣ್ಣ ಮರುಭೂಮಿಯಲ್ಲಿ ಒಬ್ಬರೇ ಹೋಗುವಾಗ ಕೋವಿ ಸೀಟಿನಲ್ಲೇ ಇಟ್ಟುಕೊಳ್ತಾರಂತೆ, ಹೌದಾ?" ಎಂದು ಯಾರೋ ಕೇಳಿದರು. ನಾನೇ ಹುಟ್ಟಿಸಿದ ಮಾತು ಅಷ್ಟು ದೊಡ್ಡದಾಗಿ ಬಂದದ್ದನ್ನು ನೋಡಿ ನನಗೇ ಸ್ವಲ್ಪ ಹೆದರಿಕೆಯಾಯಿತು. ಹೌದಂತೆ ಎಂದೆ.

ಅಲ್ಲಿಂದ ಹೆಂಗಸರಿಗೆ ನಿದ್ರೆ ಇಲ್ಲ. ಅಧ್ಯಕ್ಷರ ಕಾರಿಗೆ ಮಾತ್ರ ಕೋವಿ, ನಮ್ಮ ಗಂಡಂದಿರ ಕಾರಿಗೆ ಬರೀ ಬ್ಯಾಂಡೇಜಿನ ಡಬ್ಬಿಯೇ? ಮರದ್ದೆಂದು ತಿಳಿದ ಮೇಲೂ ಹೊಟ್ಟೆಯುರಿ ಕಡಿಮೆಯಾಗಲಿಲ್ಲ. ಕಡೆಗೆ ಸಭೆ ಕರೆದು 'ರಸ್ತೆಬದಿ ತುರ್ತು ಕೋವಿ ಉಪಸಮಿತಿ' ರಚಿಸಲಾಯಿತು.

ಯಾವ ತುರ್ತಿಗೆ ಎಂಬ ಪ್ರಶ್ನೆ ಬಂತು.

"ಒಂಟೆ ಅಡ್ಡ ಬಂದರೆ?" ಎಂದರು ಸೀನಪ್ಪಣ್ಣ.

"ಮರದ ಕೋವಿ ಅಂತ ಒಂಟೆಗೆ ಗೊತ್ತಾದರೆ?" ಎಂದ ನಮ್ಮ ಜಯಕರ. ಅವನು ಇಂಜಿನಿಯರು, ಎಲ್ಲದಕ್ಕೂ ಸಂಶಯ.

ಪಕೀರಾಕನಿಗೆ ಅವಮಾನವಾಯಿತು. "ನಾನು ಮಾಡಿದ್ದನ್ನು ನೋಡಿ ನೀನೇ ಎರಡು ಹೆಜ್ಜೆ ಹಿಂದೆ ಹೋಗಿದ್ದಿ ಮಾರಾಯ. ಒಂಟೆ ಯಾವ ಇಂಜಿನಿಯರಿಂಗ್ ಓದಿದೆ?"

ಚರ್ಚೆ ಅಲ್ಲಿಗೆ ಮುಗಿದು ನಿಯಮಗಳು ಅಂಗೀಕಾರವಾದವು. ಕೋವಿಯನ್ನು ಸ್ಟೆಪ್ನಿಯ ಮೇಲೆ ಮಲಗಿಸಿ ಬೆಡ್‌ಶೀಟ್ ಹೊದಿಸತಕ್ಕದ್ದು. ಕೋವಿ ಇರುವ ವಾರದಲ್ಲಿ ಯಾವ ಕಾರಣಕ್ಕೂ ರಸ್ತೆಯಲ್ಲಿ ಡಿಕ್ಕಿ ತೆರೆಯಕೂಡದು. ತುರ್ತು ಬಂದಲ್ಲಿ ಕೋವಿಯನ್ನು ಹೊರತೆಗೆಯಬಹುದು, ಆದರೆ ಅದು ಯಾರ ಕಣ್ಣಿಗೂ ಬೀಳಕೂಡದು. ಸಂತೆಯ ದಿನ ಸಾಮಾನು ಎಲ್ಲಿಡುವುದು ಎಂದು ಶರ್ಮಿಳಾ ಕೇಳಿದ್ದಕ್ಕೆ, ಮಡಿಲಲ್ಲಿ ಎಂದು ಉಪಸಮಿತಿ ಲಿಖಿತ ಉತ್ತರ ಕೊಟ್ಟಿತು.

ಈಗ ಮುಖ್ಯ ವಿಷಯ. ನನ್ನ ಮೊಮ್ಮಗಳು ದೀಕ್ಷಿತಾಗೆ ಹತ್ತನೆಯ ಪರೀಕ್ಷೆ. ವರ್ಷವಿಡೀ ಹುಡುಗಿ ಬಾಗಿಲು ಹಾಕಿಕೊಂಡು ಓದಿದ್ದಾಳೆ. ನಾನು ಎಲೆ ಅಡಿಕೆ ಕುಟ್ಟಿದರೂ ಅವಳಿಗೆ ಡಿಸ್ಟರ್ಬು. ಗಣಿತವೊಂದು ಕೈಕೊಟ್ಟರೆ ಬೇಕಾದ ವಿಷಯ ಸಿಗುವುದಿಲ್ಲವೆಂದು ಊಟ ಕೂಡ ಬಿಟ್ಟಿದ್ದಳು. ಆ ವಾರ ಕೋವಿಯ ಸರದಿ ಬರ್ನಡೆಟ್ ಬಾಯಿಯವರದ್ದು. ಹೇಗೆ ಬಿಡುವುದು? ಉಪಸಮಿತಿಯ ಎದುರು ನಿಂತು, "ಮಗುವಿನ ಭವಿಷ್ಯದ ಪ್ರಶ್ನೆ! ದಾರಿಯಲ್ಲಿ ಏನಾದರೂ ಆದರೆ ನೀವು ಜವಾಬ್ದಾರಿಯಾ?" ಎಂದು ಸೆರಗು ಕಣ್ಣಿಗೆ ಒತ್ತಿಕೊಂಡೆ. ಕಣ್ಣೀರು ಬರಲಿಲ್ಲ, ಆದರೆ ಸೆರಗು ಒಳ್ಳೆ ಕೆಲಸ ಮಾಡಿತು. ಕೋವಿ ನಮ್ಮ ಡಿಕ್ಕಿಗೆ ಬಂತು.

ಗಣಿತದ ದಿನ ನಾನೂ ಕಾರು ಹತ್ತಿದೆ. ಮಗುವಿಗೆ ಧೈರ್ಯ ಹೇಳಲಿಕ್ಕೆ ಎಂದು ಹೇಳಿದ್ದೆ. ಯಾರ ಮಕ್ಕಳು ತಡವಾಗಿ ಬರುತ್ತಾರೆ, ಯಾರ ಹೆಂಡತಿ ನೈಟಿಯಲ್ಲೇ ಬಿಡಲಿಕ್ಕೆ ಬರುತ್ತಾಳೆ ಎಂದು ನೋಡುವುದೂ ಇತ್ತು. ಪರೀಕ್ಷೆಯ ಶಾಲೆ ಅಲ್ ಅಜೀಜಿಯಾ ದಾಟಿ. ಗೇಟು ಹಾಕಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಅರ್ಧ ದಾರಿಯಲ್ಲಿ ದಡ ದಡ ಎಂದಿತು. ಜಯಕರ ಕಾರನ್ನು ಬದಿಗೆ ತಂದು ಇಳಿದು ನೋಡಿ, "ಪಂಚರ್," ಎಂದ. "ಸ್ಟೆಪ್ನಿ ಉಂಟು, ಈಗ ಹಾಕಿಬಿಡ್ತೇನೆ."

ಡಿಕ್ಕಿಗೆ ಕೈ ಹಾಕಿದವನು ಹಾಗೆಯೇ ನಿಂತ. ನಾನೂ ಇಳಿದೆ. ಪಕ್ಕದಲ್ಲಿ ಕಾರುಗಳು ಸೊಯ್ಯೆಂದು ಹೋಗುತ್ತಿವೆ.

"ಅಮ್ಮಾ, ಸ್ಟೆಪ್ನಿ ಅದರ ಅಡಿಯಲ್ಲಿ ಉಂಟಲ್ಲ."

"ತೆರೆಯಬೇಡ. ನಿಯಮ ಉಂಟು."

"ಅಜ್ಜೀ, ಅದು ಜಸ್ಟ್ ವುಡ್!" ದೀಕ್ಷಿತಾ ಕಿಟಕಿಯಿಂದ ಕಿರುಚಿದಳು. "ನಂಗೆ ಎಕ್ಸಾಮ್ ಉಂಟು! ಗೇಟ್ ಕ್ಲೋಸ್ ಆಗ್ತದೆ!"

"ಮರ ಅಂತ ನಿನಗೆ ಗೊತ್ತು ಮಗಾ. ಹೋಗುವವರಿಗೆ ಬರುವವರಿಗೆ ಗೊತ್ತುಂಟಾ?"

"ನಿಮಗೇ ಬೇಕಿತ್ತಲ್ಲ ಅಮ್ಮಾ ಈ ಕೋವಿ," ಎಂದ ಜಯಕರ. ಮಗ ಎದುರಾಡಿದ್ದು ಅದೇ ಮೊದಲು. ಟ್ಯಾಕ್ಸಿಗೆ ಫೋನು ಮಾಡಿದ, ಯಾವುದೂ ಹತ್ತಿರದಲ್ಲಿಲ್ಲ. "ಆಗಲಿ, ಬೆಡ್‌ಶೀಟ್ ಸಮೇತ ಎತ್ತಿ ಹಿಂದಿನ ಸೀಟಿಗೆ ಹಾಕ್ತೇನೆ," ಎಂದು ಡಿಕ್ಕಿಯನ್ನು ಒಂದು ಗೇಣು ಎತ್ತಿದ.

ಆಗಲೇ ಪೊಲೀಸ್ ಗಾಡಿ ಬಂದು ಹಿಂದೆ ನಿಂತಿತು.

ಡಿಕ್ಕಿ ಧಡಕ್ಕನೆ ಮುಚ್ಚಿಕೊಂಡಿತು. ನಾನು ಅದಕ್ಕೆ ಬೆನ್ನು ಕೊಟ್ಟು ನಿಂತೆ. ನನ್ನ ಬೆನ್ನು ಅಷ್ಟು ಅಗಲ ಉಂಟೆಂದು ನನಗೂ ಅಂದೇ ತಿಳಿದದ್ದು.

ಇಳಿದು ಬಂದವನು ಪ್ರಾಯದ ಹುಡುಗ, ನಗುಮುಖ. "ಸಲಾಂ ಅಲೈಕುಂ. ಮುಶ್ಕಿಲಾ?"

"ಮಾಫಿ ಮುಶ್ಕಿಲ್," ಎಂದ ಜಯಕರ. ಟಯರು ನೆಲಕ್ಕೆ ಅಂಟಿದೆ, ಮಗಳು ಒಳಗೆ ಅಳುತ್ತಿದ್ದಾಳೆ, ಇವನಿಗೆ ಮಾಫಿ ಮುಶ್ಕಿಲ್, ತೊಂದರೆ ಏನೂ ಇಲ್ಲವಂತೆ.

"ಸ್ಪೇರ್ ಟಯರ್?"

"ಸ್ಪೇರ್ ಮಾಫಿ."

ಪೊಲೀಸಿಗೆ ಪಾಪ ಅನಿಸಿತು. ಜ್ಯಾಕು ಆದರೂ ಇರಬಹುದು, ನೋಡೋಣವೆಂದು ಡಿಕ್ಕಿಯ ಕಡೆ ಬಂದ. ಡಿಕ್ಕಿಯ ಮೇಲೆ ನಾನು. ಸರಿಯಬೇಕೆಂದು ಕೈಯಲ್ಲಿ ತೋರಿಸಿದ. ನಾನು ಸರಿದರೆ ಜಯಕರನ ಇಪ್ಪತ್ತು ವರ್ಷದ ಕೆಲಸ ಹೋದ ಹಾಗೆ. ಸರಿಯದಿದ್ದರೆ ದೀಕ್ಷಿತಾಳ ಪರೀಕ್ಷೆ ಹೋದ ಹಾಗೆ. ಎರಡಕ್ಕೂ ಅಡ್ಡ ಬಿದ್ದವಳು ನಾನೊಬ್ಬಳೇ, ಮತ್ತು ನನಗೆ ಗೊತ್ತಿದ್ದ ಅರಬ್ಬಿ ಒಂದೇ ಶಬ್ದ.

"ಬಾಬಾ, ಬಚ್ಚಿ ಎಕ್ಸಾಮ್!" ಎಂದು ಕೂಗಿದೆ. "ಗೇಟ್ ಬಂದ್! ಬಚ್ಚಿ ಖಲಾಸ್!"

ಈ ಸಲ ಸೆರಗು ಬೇಡವಾಯಿತು, ಕಣ್ಣೀರು ತಾನಾಗಿಯೇ ಬಂತು. ಹುಡುಗ ತಿರುಗಿ ನೋಡಿದ. ಯೂನಿಫಾರ್ಮು ಹಾಕಿ, ಜಾಮಿಟ್ರಿ ಬಾಕ್ಸು ಎದೆಗೆ ಒತ್ತಿಕೊಂಡು ದೀಕ್ಷಿತಾ ಬಿಕ್ಕುತ್ತಿದ್ದಳು. ಅವನು ಗಡಿಯಾರ ನೋಡಿದ. ಡಿಕ್ಕಿಯ ಆಸೆ ಬಿಟ್ಟ.

"ಯಲ್ಲಾ, ಯಲ್ಲಾ! ಮಾಮಾ, ಯೂ ಆಲ್ಸೋ!" ಎಂದು ನನ್ನನ್ನೂ ಕರೆದು ತನ್ನ ಗಾಡಿಯ ಬಾಗಿಲು ತೆರೆದ.

ಹೀಗೆ ದೀಕ್ಷಿತಾ ಮತ್ತು ನಾನು ಪೊಲೀಸ್ ಗಾಡಿಯಲ್ಲಿ, ಮೇಲೆ ದೀಪ ತಿರುಗಿಸಿಕೊಂಡು ಹೋದೆವು. ಎದುರಿನ ಗಾಡಿಗಳೆಲ್ಲ ದಾರಿ ಬಿಟ್ಟವು. ಜನ್ಮದಲ್ಲಿ ಮೊದಲ ಸಲ ನಾನು ಬಾಯಿ ಮುಚ್ಚಿ ಕೂತಿದ್ದೆ. ಅಜ್ಜಿ ಹೆದರಿದ್ದಾಳೆಂದು ಆ ಹುಡುಗ ನೀರಿನ ಬಾಟಲಿ ಕೊಟ್ಟ. ನಾನು ಬರ್ನಡೆಟ್ ಬಾಯಿಗೆ ಹೇಳಲಿಕ್ಕೆಂದು ಒಳಗಿನ ಒಂದೊಂದೇ ಬಟನು ನೆನಪಿಟ್ಟುಕೊಳ್ಳುತ್ತಿದ್ದೆ. ಗೇಟು ಮುಚ್ಚುತ್ತಿದ್ದ ವಾಚ್‌ಮನ್ ಪೊಲೀಸ್ ಗಾಡಿ ನೋಡಿದವನೇ ಎರಡೂ ಬಾಗಿಲು ತೆರೆದು ಸಲ್ಯೂಟು ಹೊಡೆದ. ಹುಡುಗಿ ಓಡಿಹೋಗಿ ಪರೀಕ್ಷೆ ಬರೆದಳು. ಜಯಕರನ ಕಾರನ್ನು ರಿಕವರಿ ಲಾರಿಯವರು ಡಿಕ್ಕಿ ಮುಚ್ಚಿದ ಹಾಗೆಯೇ ಎತ್ತಿಕೊಂಡು ಹೋಗಿ ಗ್ಯಾರೇಜಿನ ಎದುರು ಇಳಿಸಿದರು.

ಆ ಶುಕ್ರವಾರವೇ ವಿಚಾರಣೆಗೆ ಸಭೆ ಸೇರಿತು. ನನ್ನನ್ನು ಬಳಗದಿಂದಲೇ ತೆಗೆಯುತ್ತಾರೆಂದು ಹೆದರಿ ಒಂದು ಡಬ್ಬಿ ಚಕ್ಕುಲಿ ಮಾಡಿಕೊಂಡು ಹೋಗಿದ್ದೆ.

"ಕೋವಿ ಇದ್ದದ್ದರಿಂದಲೇ ನನ್ನ ಮಗಳ ಪರೀಕ್ಷೆ ತಪ್ಪುವುದರಲ್ಲಿತ್ತು," ಎಂದ ಜಯಕರ.

ಸೀನಪ್ಪಣ್ಣ ಚಕ್ಕುಲಿ ಮುರಿದು ಬಾಯಿಗೆ ಹಾಕಿ ಆಲೋಚಿಸಿದರು. "ಕೋವಿ ಇಲ್ಲದಿದ್ದರೆ ನೀನು ಡಿಕ್ಕಿ ತೆರೆಯುತ್ತಿದ್ದಿ. ತೆರೆದರೆ ಸ್ಟೆಪ್ನಿ ಸಿಗುತ್ತಿತ್ತು. ಸಿಕ್ಕಿದರೆ ನೀನೇ ಹಾಕುತ್ತಿದ್ದಿ. ನೀನು ಹಾಕಿ ಮುಗಿಸುವಾಗ ಗಂಟೆ ಎಷ್ಟಾಗುತ್ತಿತ್ತು?"

"ಹೆಚ್ಚೆಂದರೆ ಕಾಲು ಗಂಟೆ—"

"ಗ್ಯಾಸ್ ಸಿಲಿಂಡರ್ ಬದಲಿಸಲಿಕ್ಕೆ ಇವರಿಗೆ ಒಂದು ಮಧ್ಯಾಹ್ನ ಬೇಕು," ಎಂದಳು ಶರ್ಮಿಳಾ. ಗಂಡನ ಪರ ಮಾತಾಡಬೇಕಾದವಳು.

"ಅಂದರೆ ಹುಡುಗಿ ಪರೀಕ್ಷೆ ಬರೆದದ್ದು ಕೋವಿಯಿಂದ," ಎಂದು ಸೀನಪ್ಪಣ್ಣ ಮೇಜು ಕುಟ್ಟಿದರು. "ಸದರಿ ಕೋವಿ ರಸ್ತೆಬದಿಯ ತುರ್ತಿನಲ್ಲಿ ಪರಿಣಾಮಕಾರಿ ಎಂದು ಸಾಬೀತಾಗಿದೆ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ಹೊಡೆದವಳು ನಾನು. ಅಪರಾಧಿಯಾಗಿ ಒಳಗೆ ಬಂದವಳಿಗೆ ಆಗ ಧೈರ್ಯ ಬಂದು, ಮನೆಗೊಂದು ಕೋವಿ ಆಗಬೇಕೆಂದು ಸೂಚಿಸಿಯೂ ಬಿಟ್ಟೆ. ಬರ್ನಡೆಟ್ ಬಾಯಿ ಅನುಮೋದಿಸಿದರು. ಪಕೀರಾಕ ಅಂಗಡಿಯಲ್ಲಿ ಮಂಚ, ಕಪಾಟಿನ ಕೆಲಸ ನಿಲ್ಲಿಸಿದರು.

ಹೊಸ ಕೋವಿಗಳು ಸ್ವಲ್ಪ ಉದ್ದವಾದ ಕಾರಣ ಡಿಕ್ಕಿಯಲ್ಲಿ ಜಾಗ ಸಾಲಲಿಲ್ಲ. ಸ್ಟೆಪ್ನಿ ತೆಗೆದು ಮನೆಯಲ್ಲಿಡಲು ಉಪಸಮಿತಿ ಆದೇಶಿಸಿತು. ನಮ್ಮದು ಈಗ ಹಾಲಿನಲ್ಲಿ ದಿಂಬು ಹಾಕಿಸಿಕೊಂಡು ಕೂತಿದೆ, ನೆಂಟರು ಬಂದರೆ ಒಂದು ಕುರ್ಚಿ ಹೆಚ್ಚಾಯಿತು. ನಿಯಮವನ್ನು ಒಪ್ಪದವನು ಜಯಕರ ಒಬ್ಬನೇ ಇದ್ದ. ಸೈನ್ಸ್ ಪರೀಕ್ಷೆಯ ದಿನ ದೀಕ್ಷಿತಾ ಕಾರು ಹತ್ತುವ ಮೊದಲು, "ಪಪ್ಪಾ, ಗನ್ ಇಟ್ಟಿದ್ದೀರಲ್ಲ?" ಎಂದು ಕೇಳಿದ ಮೇಲೆ ಅವನೂ ಒಪ್ಪಿಕೊಂಡ.

ಆದ್ದರಿಂದ ಸಾರ್ವಜನಿಕರಲ್ಲಿ ವಿನಂತಿ. ರಸ್ತೆಬದಿಯಲ್ಲಿ ಟಯರು ಪಂಚರಾಗಿ, ಮನೆಮಂದಿಯೆಲ್ಲ ಡಿಕ್ಕಿಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿರುವುದು ಕಂಡುಬಂದಲ್ಲಿ ಅವರು ನಮ್ಮ ಬಳಗದವರು ಎಂದು ತಿಳಿಯತಕ್ಕದ್ದು. ಅವರ ಸಹಾಯಕ್ಕೆ ಗಾಡಿ ನಿಲ್ಲಿಸುವ ಅಗತ್ಯವಿಲ್ಲ. ತುರ್ತಿಗೆ ಬೇಕಾದ ವ್ಯವಸ್ಥೆಯೆಲ್ಲ ಅವರ ಡಿಕ್ಕಿಯಲ್ಲೇ ಉಂಟು.