ಮುನಿರಾಜಣ್ಣನನ್ನು ಮಾತ್ರ ಮಾಡೋದಿಲ್ಲ

ಮಿಮಿಕ್ರಿ ಮಾಡುವವನಿಗೆ ಸ್ನೇಹಿತರು, ನೆಂಟರು ಅಂತ ಯಾರೂ ಇರುವುದಿಲ್ಲ. ಇರುವುದೆಲ್ಲ ಕಚ್ಚಾ ಮಾಲು. ಎದುರಿಗೆ ನಿಂತವರು ತಮ್ಮ ಹಲ್ಲುನೋವಿನ ಕಥೆ ಹೇಳುತ್ತಿದ್ದರೆ ನಾನು ಮುಖದಲ್ಲಿ ಕನಿಕರ ಇಟ್ಟುಕೊಂಡು, ಕಿವಿಯಲ್ಲಿ ಮಾತ್ರ ಅವರ ಊದಿದ ದವಡೆಯಿಂದ ಮಾತು ಹೇಗೆ ಜಾರಿ ಬೀಳುತ್ತಿದೆ ಅಂತ ಬರೆದಿಟ್ಟುಕೊಳ್ಳುತ್ತಿರುತ್ತೇನೆ. ಇಂದಿರಾನಗರದ ನಮ್ಮ ಆಫೀಸಿನ ಮ್ಯಾನೇಜರು ರಜೆ ಕೇಳಿದಾಗ ಮೂಗಿನಿಂದ ಬಿಡುವ 'ನೋಡೋಣ', ನಮ್ಮಮ್ಮ ಫೋನಿನಲ್ಲಿ ನಾದಿನಿಯ ಜೊತೆ ಮಾತಾಡುವಾಗಿನ ಸಕ್ಕರೆ ಕಂಠ, ಫೋನು ಇಟ್ಟ ಮರುಕ್ಷಣದ ಒರಿಜಿನಲ್ ಕಂಠ, ಎಲ್ಲವೂ ನನ್ನ ಗಂಟಲಲ್ಲಿವೆ. ನನ್ನನ್ನೂ ಬಿಟ್ಟಿಲ್ಲ. ಹುಡುಗಿಯರ ಎದುರು ನಾನು ದನಿ ದಪ್ಪ ಮಾಡಿಕೊಂಡು 'ಹಲೋ' ಅನ್ನುವುದನ್ನು ನಾನೇ ಮಾಡಿ ತೋರಿಸುತ್ತೇನೆ. ಬೇರೆಯವರು ಮಾಡುವ ಮೊದಲೇ ನಾವೇ ಮಾಡಿಬಿಟ್ಟರೆ ನೋವು ಸ್ವಲ್ಪ ಕಡಿಮೆ. ಇಂಥ ನಾನು ಈಗ ಒಬ್ಬರನ್ನು ಮಾತ್ರ ಮಾಡೋದಿಲ್ಲ ಅಂತ ಹಟ ಹಿಡಿದು ಕೂತಿದ್ದೇನೆ. ಬೈಯಿರಿ, ದ್ರೋಹಿ ಅನ್ನಿ, ಗ್ರೂಪಿನಿಂದ ತೆಗೆಯಿರಿ (ತೆಗೆದೂ ಆಯಿತು), ಮಾಡೋದಿಲ್ಲ ಅಂದರೆ ಮಾಡೋದಿಲ್ಲ.

'ಗುಜರಿ' ಅನ್ನುವ ರಾಕ್ ಬ್ಯಾಂಡು ನಿಮಗೆ ಗೊತ್ತಿಲ್ಲದಿದ್ದರೆ ಅದು ನಿಮ್ಮ ಕರ್ಮ. ಶಿವಾಜಿನಗರದಲ್ಲಿ ಒಂದು ಗುಜರಿ ಅಂಗಡಿಯ ಮೇಲಿನ ರೂಮಿನಲ್ಲಿ ಹುಟ್ಟಿದ್ದು, ಅದಕ್ಕೇ ಆ ಹೆಸರು. ನಾನು ಲಂಗೋಟಿಯಲ್ಲಿದ್ದಾಗಲೇ ಅವರು ಗಿಟಾರು ಕುಯ್ಯುತ್ತಿದ್ದರಂತೆ. ಅವರ ಹಾಡು ಕನ್ನಡದಲ್ಲಿ ಶುರುವಾಗಿ, ತಮಿಳಿನಲ್ಲಿ ಕೋಪ ಮಾಡಿಕೊಂಡು, ದಖನಿ ಉರ್ದುವಿನಲ್ಲಿ ಬೈದು, ಕೊನೆಗೆ ಇಂಗ್ಲಿಷಿನಲ್ಲಿ ಸಾರಿ ಕೇಳುತ್ತದೆ. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಮನೆಗಳಲ್ಲಿ ಜಗಳ ನಡೆಯುವುದೇ ಹಾಗೆ. ಹಾಡುವಾತ ಎರಡು ಹಾಡಿನ ನಡುವೆ ಹಾಡಿಗಿಂತ ಉದ್ದದ ಭಾಷಣ ಮಾಡುತ್ತಾನೆ. ಬೇಸ್ ಗಿಟಾರಿನವರು ಪಿಜಿಯ ಹುಡುಗರ ಹಾಗೆ ಬಂದು ಹೋಗುತ್ತಿರುತ್ತಾರೆ. ಮೊದಲ ದಿನದಿಂದ ಇವತ್ತಿನವರೆಗೆ ಜಾಗ ಬಿಡದೆ ಕೂತಿರುವವರು ಡ್ರಮ್ಮರ್ ಒಬ್ಬರೇ. ಪೋಸ್ಟರಿನಲ್ಲಿ ಬರೀ 'ಮುನಿ' ಅಂತಿರುತ್ತದೆ; ನಮಗೆ ಮುನಿರಾಜಣ್ಣ. ಇಷ್ಟು ವರ್ಷದಲ್ಲಿ ಒಂದು ಸಂದರ್ಶನ ಕೊಟ್ಟಿಲ್ಲ, ಮೈಕಿನಲ್ಲಿ ಒಂದು 'ನಮಸ್ಕಾರ' ಅಂದಿಲ್ಲ. ಕೊನೆಯ ಹಾಡು ಮುಗಿದು ಲೈಟು ಹತ್ತುವಷ್ಟರಲ್ಲಿ ಸ್ಟೂಲು ಖಾಲಿ. ಬಾರಿಸುವಾಗ ಮಾತ್ರ, ಅದೇನು ಕೈ ಅಂತೀರಿ! ಮೈದಾನದ ಕೊನೆಯಲ್ಲಿ ನಿಂತವನ ಎದೆಯೊಳಗೂ ಯಾರೋ ಬಾಗಿಲು ತಟ್ಟಿದ ಹಾಗಾಗುತ್ತದೆ.

ಮಾತಾಡದವರ ಬಗ್ಗೆ ಬೇರೆಯವರು ಎಷ್ಟು ಮಾತಾಡುತ್ತಾರೆ ಅನ್ನುವುದನ್ನು ನೋಡಬೇಕಾದರೆ ನೀವು ಲಿಂಗರಾಜಪುರಕ್ಕೆ, ಸಗಾಯಣ್ಣನ ಮನೆಯ ತಾರಸಿಗೆ ಬರಬೇಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗುಜರಿಯ ಅಭಿಮಾನಿಗಳಾದ ನಾವು ನಾಲ್ಕು ಜನ ಅಲ್ಲಿ ಸೇರುತ್ತೇವೆ, ಸೇರುತ್ತಿದ್ದೆವು ಅನ್ನಬೇಕೇನೋ. ಸಗಾಯಣ್ಣ ನಮ್ಮ ಹಿರಿಯರು, ಬ್ಯಾಂಡಿನ ಮೊದಲ ಶೋ ನೋಡಿದವರು, ಅದನ್ನು ನಮಗೆ ಮರೆಯಲು ಬಿಡದವರು. ಇಮ್ರಾನ್ ಭಾಯ್ ಶಿವಾಜಿನಗರದವನು, ಮದುವೆ ಮುಂಜಿಗಳಿಗೆ ಸ್ಪೀಕರ್ ಬಾಡಿಗೆಗೆ ಕೊಡುತ್ತಾನೆ, ಆದ್ದರಿಂದ ಜಗತ್ತಿನ ಎಲ್ಲ ಸಮಸ್ಯೆಗಳಿಗೂ ವೈರಿಂಗೇ ಕಾರಣ ಅಂತ ನಂಬಿದ್ದಾನೆ. ಶ್ವೇತಾ ಇಂದಿರಾನಗರದವಳು, ಪಾಡ್‌ಕಾಸ್ಟ್ ಮಾಡುತ್ತಾಳೆ. ಅವಳ ಹತ್ತಿರ 'ಟೀ ಕುಡೀತೀಯಾ?' ಅಂದರೂ ಅದರ ಹಿಂದಿನ ಭಾವನೆ ಏನು ಅಂತ ಕೇಳುತ್ತಾಳೆ.

ನಮ್ಮ ಖಾಯಂ ವಿವಾದ ಒಂದೇ. ಬ್ಯಾಂಡಿನವರ ಕೊನೆಯ ಹಾಡಿನಲ್ಲಿ ಎಲ್ಲ ವಾದ್ಯಗಳೂ ನಿಂತ ಮೇಲೆ, ಒಂದು ಉಸಿರಿನಷ್ಟು ಬಿಟ್ಟು, ಮುನಿರಾಜಣ್ಣ ಒಂದೇ ಒಂದು ಏಟು ಹೊಡೆಯುತ್ತಾರೆ. ಯಾಕೆ?

"ಬಿಟ್ಟು ಹೋದ ಫಸ್ಟ್ ಗಿಟಾರ್‌ನವನಿಗೆ ಅದು ಪಾ," ಅಂತ ಸಗಾಯಣ್ಣ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. "ಫ್ರೆಂಡ್‌ಶಿಪ್ ಡಾ ಅದು. ನಿಮ್ಗೆಲ್ಲಾ ಅರ್ಥ ಆಗಲ್ಲ."

"ಕಾಯ್ಕಾ ಫ್ರೆಂಡ್‌ಶಿಪ್ ಅಣ್ಣಾ? ಮಾನಿಟರ್ ಸ್ಪೀಕರ್ ಲೇಟು. ಅವ್ರಿಗೆ ಹಾಡು ಮುಗ್ದಿದ್ದೇ ಕೇಳ್ಸಿರಲ್ಲ," ಅಂತ ಇಮ್ರಾನ್.

"ಗಯ್ಸ್, ಅದು ನಗರದ ಒಂಟಿತನ," ಅಂತ ಶ್ವೇತಾ. "ಜೊತೆಗೆ ಅವರು ಹಳೇ ಹಳ್ಳಿ ಮೂಲದವ್ರು. ತಾಳ ಅವರ ರಕ್ತದಲ್ಲೇ ಇದೆ."

ರಕ್ತದಲ್ಲೇ ಇದ್ದಿದ್ದರೆ ಆ ಮನುಷ್ಯ ದಿನಾ ಸಂಜೆ ಕದ ಹಾಕಿಕೊಂಡು ಹಳೇ ದಿಂಬನ್ನು ಆ ಪಾಟಿ ಬಡಿಯುವ ಅಗತ್ಯ ಇರಲಿಲ್ಲ. ಅಯ್ಯೋ, ದಿಂಬಿನ ವಿಷಯ ಬಾಯಿ ತಪ್ಪಿ ಬಂತು. ಇನ್ನು ಮುಂದೆ ಬಾಯಿ ಬಿಡೋದಿಲ್ಲ. ಆ ಒಂದು ಏಟಿನ ಕಾರಣವೂ ನನಗೆ ಗೊತ್ತು. ಕೇಳಿದೆ, ಹೇಳಿದರು. ನಿಮಗೆ ಹೇಳೋದಿಲ್ಲ.

ಹೇಗೆ ಗೊತ್ತು ಅಂದರೆ, ಅವರು ನಮ್ಮ ಕೆಳಗಿನ ಮನೆಯಲ್ಲಿದ್ದಾರೆ. ಕಗ್ಗದಾಸಪುರದ ಯಾವ ಕ್ರಾಸು, ಯಾವ ಬಣ್ಣದ ಗೇಟು ಅಂತ ಕೇಳಬೇಡಿ. ಆ ಏರಿಯಾದಲ್ಲಿ ವಿಳಾಸ ಕೊಟ್ಟರೂ ಯಾರೂ ಮನೆ ಹುಡುಕಿದ ಇತಿಹಾಸವಿಲ್ಲ, ಆದರೂ ಬೇಡ. ನಾವು ಆ ಮನೆಗೆ ಬಾಡಿಗೆಗೆ ಬಂದ ವಾರ ಮೆಟ್ಟಿಲ ಮೇಲೆ ಅವರನ್ನು ನೋಡಿ ನನ್ನ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟು ಕೆಳಗೆ ಬಿತ್ತು. ಸಂಜೆ ಬ್ಯಾಂಡಿನ ಟೀ ಶರ್ಟು, ಮಾರ್ಕರು ಹಿಡಿದುಕೊಂಡು ಅವರ ಬಾಗಿಲು ತಟ್ಟಿದೆ. ಲುಂಗಿಯಲ್ಲಿದ್ದರು. ಟೀ ಶರ್ಟನ್ನು ಗೋಡೆಗೆ ಒತ್ತಿಕೊಂಡು, ಬ್ಯಾಂಕಿನ ಚೆಕ್ಕಿಗೆ ಹಾಕುವ ಹಾಗೆ ಅಡಿಗೆರೆ ಎಳೆದು ಸಹಿ ಮಾಡಿದರು. ಆಮೇಲೆ ಹೇಳಿದರು: "ನೋಡಪ್ಪಾ, ಅಲ್ಲಿ ಅಷ್ಟೊಂದು ಜನ ನನ್ನ ನೋಡ್ತಾರೆ, ಅದು ಖುಷಿನೇ. ಇಲ್ಲಿಗೆ ಬಂದ್ರೆ ಯಾರೂ ನೋಡಲ್ಲ, ಅದೂ ಖುಷಿನೇ. ಎರಡನೇದನ್ನ ನೀನು ಕೆಡಿಸ್ಬೇಡ." ಆಯ್ತಣ್ಣ ಅಂದೆ. ಅಷ್ಟೇ ನಮ್ಮ ಒಪ್ಪಂದ.

ಒಪ್ಪಂದ ಸುಲಭ, ಗಂಟಲಿಗೆ ಬುದ್ಧಿ ಹೇಳುವುದು ಕಷ್ಟ. ಯಾಕೆಂದರೆ ಮುನಿರಾಜಣ್ಣನಂಥ ಮಾಲು ನನಗೆ ಈ ಜನ್ಮದಲ್ಲಿ ಸಿಕ್ಕಿಲ್ಲ. ಅವರು ಗೇಟು ಹಾಕುವಾಗ ಅನ್ನುವ ಒಂದು ಮಾತಿದೆ... ಇಲ್ಲ. ನೀರಿನ ಟ್ಯಾಂಕು ತುಂಬಿ ಹರಿದಾಗ ಅವರು ಮೇಲೆ ನೋಡಿ... ಇಲ್ಲ, ಬೇಡ. ನವೆ ಎದ್ದರೆ ಕೆರೆದುಕೊಳ್ಳದೆ ಎರಡು ವರ್ಷ ಇರುವುದು ಅಂದರೇನು ಅಂತ ನಿಮಗೆ ಗೊತ್ತೇ?

ಹೀಗಿರುವಾಗ ಬ್ಯಾಂಡಿನ ಬೆಳ್ಳಿಹಬ್ಬ ಬಂತು. ಅಭಿಮಾನಿಗಳ ಕಡೆಯಿಂದ ಹಲಸೂರಿನ ಒಂದು ಸಣ್ಣ ಹಾಲ್‌ನಲ್ಲಿ ಕಾರ್ಯಕ್ರಮ, ಅದರಲ್ಲಿ ಮುಖ್ಯ ಐಟಂ ನನ್ನದು: ಇಡೀ ಬ್ಯಾಂಡನ್ನು ಒಬ್ಬನೇ ಮಾಡಿ ತೋರಿಸುವುದು. ಈ ಐಟಮ್ಮಿನ ಬೆಲೆ ನಿಮಗೆ ಗೊತ್ತಾಗಬೇಕಾದರೆ ನಮ್ಮ ಆಫೀಸಿಗೆ ಬನ್ನಿ. ಅಲ್ಲಿ ನನ್ನ ಹೆಸರೇ ಮ್ಯಾನೇಜರಿಗೆ ನೆನಪಿರುವುದಿಲ್ಲ, 'ನೀವು, ಆ ಕಿಟಕಿ ಹತ್ರದವ್ರು' ಅನ್ನುತ್ತಾರೆ. ಸಗಾಯಣ್ಣನ ತಾರಸಿಯ ಮೇಲೆ ಮಾತ್ರ ನಾನು ಬಂದರೆ ಕುರ್ಚಿ ಎಳೆದು ಕೊಡುತ್ತಾರೆ, 'ಶುರು ಮಾಡು ಮಗಾ' ಅನ್ನುತ್ತಾರೆ. ಈ ಬೆಂಗಳೂರಿನಲ್ಲಿ ನಾನು ಯಾರೋ ಒಬ್ಬ ಆಗಿರುವುದು ಆ ಒಂದು ತಾರಸಿಯಲ್ಲಿ.

ಒಂದು ಸಂಜೆ ಇಮ್ರಾನ್ ನನ್ನನ್ನು ಸ್ಕೂಟರಿನಲ್ಲಿ ಮನೆಗೆ ಬಿಡಲು ಬಂದ. ಗೇಟಿನಲ್ಲಿ ಮುನಿರಾಜಣ್ಣ, ಕೈಯಲ್ಲಿ ಕಸದ ಬಕೆಟ್ಟು. ಇಮ್ರಾನ್ ಸ್ಕೂಟರ್ ಆಫ್ ಮಾಡುವುದನ್ನೂ ಮರೆತು ನಿಂತುಬಿಟ್ಟ. ಭಾನುವಾರದ ಹೊತ್ತಿಗೆ ವಿಷಯ ತಾರಸಿ ತಲುಪಿತ್ತು.

"ಎರಡು ವರ್ಷ!" ಸಗಾಯಣ್ಣ ಎದೆ ಮುಟ್ಟಿಕೊಂಡರು. "ಎರಡು ವರ್ಷ ನನ್ನ ಮನೇಲಿ ಬಿರಿಯಾನಿ ತಿಂದು, ಒಂದು ಮಾತು ಹೇಳ್ಲಿಲ್ವೇ ಡಾ?"

"ಹೇಳ್ಬೇಡ ಅಂದಿದ್ರು ಸಗಾಯಣ್ಣ."

"ಕಸ ಹಿಡ್ಕೊಂಡು ನಿಂತಿದ್ರು ಭಾಯ್," ಅಂತ ಇಮ್ರಾನ್ ಇನ್ನೂ ಅದೇ ಗುಂಗಿನಲ್ಲಿದ್ದ. "ಹಸಿ ಬೇರೆ, ಒಣ ಬೇರೆ. ನಮ್ಮಂಗೇ!"

ಶ್ವೇತಾ ಮುಂದಕ್ಕೆ ಬಾಗಿದಳು. "ಚಂದು, ಕೂಲ್. ವಿಳಾಸ ಬೇಡ, ಫೋಟೋ ಬೇಡ. ಐಟಮ್‌ನಲ್ಲಿ ಅವರ ಧ್ವನಿ ಒಂದು ನಿಮಿಷ ಮಾಡು, ಸಾಕು. ನಾನು ಪಾಡ್‌ಕಾಸ್ಟಿಗೆ ಹಾಕ್ತೀನಿ. ಇಪ್ಪತ್ತೈದು ವರ್ಷದಿಂದ ಯಾರೂ ಕೇಳಿಲ್ಲ. ಫ್ಯಾನ್ಸ್‌ಗೆ ಅದರ ಹಕ್ಕಿದೆ."

"ಯಾವ ಹಕ್ಕು? ನೀನು ಟಿಕೆಟ್ ತಗೊಂಡಿರೋದು ಡ್ರಮ್ಮಿಗೆ. ಬಾಯಿಗೆ ಬೇರೆ ಟಿಕೆಟ್ ಮಾರ್ತಿದ್ರಾ?"

"ನಮ್ಮ ಮೇಲೇ ತಿರುಗ್ತೀಯಾ?" ಅಂದರು ಸಗಾಯಣ್ಣ. "ಚಪ್ಪಾಳೆ ತಟ್ಟಿ ತಟ್ಟಿ ಈ ಕೈ ನೋಡು ಡಾ, ಹೆಂಗಾಗಿದೆ! ಒಂದು ಮಾತು ಕೇಳ್ಸ್ಕೊಳ್ಳೋ ಯೋಗ್ಯತೆ ಇಲ್ವಾ ನಮ್ಗೆ?"

ನಾನು ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಸಗಾಯಣ್ಣ ಹೇಳಿದ್ದನ್ನು ಸಗಾಯಣ್ಣನ ದನಿಯಲ್ಲೇ, ಎದೆ ಮುಟ್ಟಿಕೊಂಡು, ಅವರಿಗೇ ವಾಪಸ್ಸು ಹೇಳಿದೆ. ಇಮ್ರಾನ್ ನಕ್ಕ, ಅವನ 'ಹಸಿ ಬೇರೆ, ಒಣ ಬೇರೆ'ಯನ್ನೂ ಮಾಡಿದೆ, ನಗು ನಿಲ್ಲಿಸಿದ. ಅಷ್ಟರಲ್ಲಿ ಮೂವರೂ, ನೀನು ಮಾಡದಿದ್ದರೆ ನಾವೇ ಮಾಡುತ್ತೇವೆ ಅಂತ ಹೊರಟರು. ಸಗಾಯಣ್ಣನ ಮುನಿರಾಜಣ್ಣ ಬೆಟ್ಟದ ಮೇಲಿಂದ ಉಪದೇಶ ಕೊಟ್ಟರು. ಇಮ್ರಾನನ ಮುನಿರಾಜಣ್ಣ ಶಾಯರಿ ಹೇಳಿದರು. ಶ್ವೇತಾಳ ಮುನಿರಾಜಣ್ಣ ಉಸಿರಿನಲ್ಲೇ ಮಾತಾಡಿದರು, ಅರ್ಧ ಇಂಗ್ಲಿಷಿನಲ್ಲಿ. ಕೇಳಿ ನನಗೆ ಮೈ ಉರಿದುಹೋಯಿತು. "ನಿಮ್ಗೆ ಬೇಕಾಗಿರೋದು ಮುನಿರಾಜಣ್ಣ ಅಲ್ಲ, ಒಬ್ಬ ಮಹಾತ್ಮ. ನಾನು ಮಾಡಲ್ಲ. ಐಟಂ ಬೇಕಾದ್ರೆ ಕಿತ್ಕೊಳ್ಳಿ!" ಅಂದು ಎದ್ದೆ. ಕಿತ್ಕೊಳ್ಳಿ ಅನ್ನುವುದು ನಮ್ಮಲ್ಲಿ 'ಬೇಡಪ್ಪಾ, ಕೂತ್ಕೋ' ಅನ್ನಿಸಿಕೊಳ್ಳುವುದಕ್ಕೆ ಆಡುವ ಮಾತು. ಇವರು ಕಿತ್ತುಕೊಂಡೇಬಿಟ್ಟರು. ಐಟಂ ಇಮ್ರಾನನ ಭಾವಮೈದುನನಿಗೆ ಹೋಯಿತು. ನಾನು ಬಸ್ಸಿನಲ್ಲಿ ಕೂರುವಷ್ಟರಲ್ಲಿ ಮೊಬೈಲು 'ನಿಮ್ಮನ್ನು ಗ್ರೂಪಿನಿಂದ ತೆಗೆಯಲಾಗಿದೆ' ಅಂತ ತೋರಿಸುತ್ತಿತ್ತು.

ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಾಗಿಲು ಭದ್ರವಾಗಿ ಹಾಕಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ, ಇಡೀ ಐಟಂ ಮಾಡಿದೆ. ಕೇಳುವವರಿಲ್ಲದ ಕಡೆ ಮಾಡಿದರೆ ಅದು ಮಾಡಿದ ಹಾಗಲ್ಲ ಅಂತ ನನ್ನ ವಾದ. ಹಾಡುವಾತನ ಭಾಷಣ ಆಯಿತು, ತಾರಸಿಯ ಜಗಳ ಆಯಿತು, ಸಗಾಯಣ್ಣ, ಇಮ್ರಾನ್, ಶ್ವೇತಾ ಬಂದು ಹೋದರು. ಕೊನೆಗೆ, ಎರಡು ವರ್ಷ ಕಟ್ಟಿಟ್ಟ ಗಂಟಲನ್ನು ಬಿಚ್ಚಿ, ಮುನಿರಾಜಣ್ಣನಾಗಿ ಅವರಿಗೆಲ್ಲ ಉತ್ತರ ಕೊಟ್ಟೆ: "ನನ್ನನ್ನ ನನ್ನ ಪಾಡಿಗೆ ಬಿಡ್ರಪ್ಪಾ. ಕೈಯಲ್ಲಿ ಹೇಳಿದ್ದನ್ನ ಬಾಯಲ್ಲಿ ಯಾಕೆ ಕೇಳ್ತೀರಾ?" ಎಂಥ ದನಿ! ನನಗೇ ಕಣ್ಣು ತುಂಬಿ ಬಂತು. ಸ್ವಲ್ಪ ಸೋಪೂ ಹೋಗಿತ್ತು.

ನಮ್ಮ ಕಟ್ಟಡದಲ್ಲಿ ಎಲ್ಲ ಮಹಡಿಯ ಬಚ್ಚಲುಮನೆಗಳ ಕಿಟಕಿಯೂ ಒಂದೇ ಗಾಳಿಗಂಡಿಗೆ ತೆರೆದುಕೊಂಡಿದೆ, ಒಂದು ಮನೆಯಲ್ಲಿ ಕೆಮ್ಮಿದರೆ ಇನ್ನೊಂದು ಮನೆಯಲ್ಲಿ ಔಷಧಿ ಕುಡಿಯುತ್ತಾರೆ ಅನ್ನುವುದು ನನಗೆ ಆವೇಶದಲ್ಲಿ ಮರೆತುಹೋಗಿತ್ತು.

"ಮೇಲೆ ಯಾರು, ಚಂದುನಾ?" ಅಂತ ಕೆಳಗಿನಿಂದ ದನಿ ಬಂತು.

ನಲ್ಲಿ ನಿಲ್ಲಿಸಿದೆ. "ಹೌದಣ್ಣ."

"ಆ ತಮಿಳು ಮಾತಾಡೋರು ಚೆನ್ನಾಗಿದಾರೆ. ಆ ಹುಡುಗಿನೂ ಚೆನ್ನಾಗಿದಾಳೆ." ಸ್ವಲ್ಪ ಹೊತ್ತು ನೀರು ಸುರಿದ ಸದ್ದು. "ಕೊನೇಲಿ ಒಬ್ರು ಬಂದ್ರಲ್ಲ, ಸಾಯೋ ಮುಂಚೆ ಮಾತಾಡೋರ ಥರ, ಅದ್ಯಾರು?"

ನನ್ನ ಕೈಯಿಂದ ಚೊಂಬು ಜಾರಿತು. "ಅದು... ನೀವೇ ಅಣ್ಣ."

ಕೆಳಗೆ ನೀರು ನಿಂತಿತು. "ನಾನು ಹಂಗಾ?"

"ಇಲ್ಲ ಅಣ್ಣ."

"ಮತ್ತೆ? ಮಾಡೋದಾದ್ರೆ ಸರಿಯಾಗಿ ಮಾಡಪ್ಪ. ಅದೇನದು, ಅಳೋದು!"

ಮೂವರ ಎದುರು ಅಷ್ಟು ಜಂಬದಿಂದ ಎದ್ದು ಬಂದವನ ಮಾನ ಮೈಮೇಲಿನ ನೊರೆಯ ಜೊತೆಗೇ ಇಳಿದುಹೋಯಿತು. ಅವಮಾನಕ್ಕೆ ರೋಷ ಬಂತು. ಕಳೆದ ವಾರ ಅವರು ತಳ್ಳುಗಾಡಿಯವನ ಜೊತೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಮಾಡಿದ ಜಗಳವನ್ನು, ಸೊಪ್ಪನ್ನು ಮೂಸಿ, ಬೇಡ ಅಂತ ವಾಪಸ್ಸಿಟ್ಟು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಅದೇ ಕಟ್ಟನ್ನು ಎತ್ತಿಕೊಂಡು, 'ಶುಂಠಿ ಫ್ರೀನಾ?' ಅಂದದ್ದನ್ನು, ಉಸಿರು, ಕೆಮ್ಮು ಸಮೇತ ಒಂದೂ ಬಿಡದೆ ಮಾಡಿದೆ. ಮೇಲಿನ ಮಹಡಿಯ ಯಾರೋ ಗೊಳ್ಳೆಂದು ನಕ್ಕರು. ಕೆಳಗಿನಿಂದ ಒಂದು ಸದ್ದು ಬಂತು. ಅದು ನಗುವೋ, ಬಕೆಟ್ಟು ಎಳೆದದ್ದೋ ಗೊತ್ತಾಗಲಿಲ್ಲ. ಆಮೇಲೆ ಅವರ ಬಚ್ಚಲಿನ ಬಾಗಿಲು ಹಾಕಿಕೊಂಡಿತು.

ಅಂದಿನಿಂದ ಮುನಿರಾಜಣ್ಣ ನನ್ನ ಜೊತೆ ಮಾತಾಡಿಲ್ಲ. ಮಾಡಲಿಲ್ಲ ಅಂತ ಅಭಿಮಾನಿಗಳು ಮಾತು ಬಿಟ್ಟರು. ಮಾಡಿದೆ ಅಂತ ಇವರು ಬಿಟ್ಟರು. ಬಿಟ್ಟರು ಅಂತ ಖಚಿತವಾಗಿ ಹೇಳುವ ಹಾಗೂ ಇಲ್ಲ, ಮೊದಲೂ ಅವರು ಮಾತಾಡುತ್ತಿದ್ದದ್ದು ಅಷ್ಟಕ್ಕಷ್ಟೇ. ಹಲಸೂರಿನ ಕಾರ್ಯಕ್ರಮಕ್ಕೆ ನಾನು ಹೋಗಲಿಲ್ಲ. ಭಾವಮೈದುನನ ಮುನಿರಾಜಣ್ಣನಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಹೊಡೆಯಲಿ. ನಾಳೆ ಮೂವರೂ ಬಂದು ಕುರ್ಚಿ ಎಳೆದು ಕೊಟ್ಟರೂ ನಾನು ಕೊತ್ತಂಬರಿ ಸೊಪ್ಪನ್ನು ಅಲ್ಲಿ ಮಾಡೋದಿಲ್ಲ. ಇಲ್ಲಿ ಬರೆದದ್ದು ಲೆಕ್ಕಕ್ಕಿಲ್ಲ, ಬರಹಕ್ಕೆ ದನಿ ಇರುವುದಿಲ್ಲ.

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ಸಿಕ್ಕಿದರು. ನನ್ನನ್ನು ನೋಡಿ ತಲೆಯನ್ನು ಒಂದೇ ಒಂದು ಸಲ, ಎಡಕ್ಕೆ, ಸ್ವಲ್ಪ ಆಡಿಸಿ ಹೋದರು. ಅದು ಕ್ಷಮೆಯೋ, ಎಚ್ಚರಿಕೆಯೋ, 'ಚೆನ್ನಾಗಿತ್ತು ಕಣಯ್ಯಾ' ಅನ್ನುವುದೋ? ಆಫೀಸಿಗೆ ಹೊತ್ತಾಗುತ್ತಿದ್ದರೂ ಮೆಟ್ಟಿಲ ಮೇಲೆ ಕೂತು ಈ ಪ್ರಶ್ನೆಯನ್ನು ಸಗಾಯಣ್ಣನ ದನಿಯಲ್ಲಿ ಒಮ್ಮೆ, ಇಮ್ರಾನನ ದನಿಯಲ್ಲಿ ಒಮ್ಮೆ, ಶ್ವೇತಾಳ ದನಿಯಲ್ಲಿ ಒಮ್ಮೆ ಚರ್ಚಿಸಿದೆ. ಪೊರಕೆ ಹಿಡಿದು ನಿಂತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, "ಅವರಿಗೆ ಕತ್ತು ಉಳುಕಿದೆ ಕಣೋ, ಏಳು ಮೇಲೆ, ಕಸ ಗುಡಿಸ್ಬೇಕು," ಅಂದರು. ಇರಬಹುದು. ಆದರೂ ಆ ತಲೆ ಆಡಿಸಿದ್ದರಲ್ಲಿ ಏನೋ ಒಂದು ಇತ್ತು.